ಹಳೇ ವಿಡಿಯೊ ಕ್ಯಾಸೆಟ್ ಡಿಜಿಟಲ್ ಮಾಡಿಸ್ತೀರಾ? ‘ಕಟ್ ಮಾಡಬೇಡಿ’ ಅಂತ ಮೊದಲೇ ಬರೆದುಕೊಡಿ

ಮೊದಲೇ ಹೇಳಿಬಿಡುತ್ತೇನೆ. ನಾನು ಕ್ಯಾಸೆಟ್ ಕೊಟ್ಟ ಅಂಗಡಿಯವರು ಕೆಲಸ ಗೊತ್ತಿರುವವರು, ದರ ಪರವಾಗಿಲ್ಲ, ಮಾತು ಮರ್ಯಾದೆ ಎಲ್ಲಾ ಚೆನ್ನಾಗಿದೆ. ಆದರೆ ಒಂದು ಕೆಟ್ಟ ಅಭ್ಯಾಸ ಇದೆ. ಕಾರ್ಯಕ್ರಮದ ಹಿಂದೆ ಮುಂದೆ ಇರೋದನ್ನೆಲ್ಲ ‘ವೇಸ್ಟು’ ಅಂತ ಕತ್ತರಿಸಿ ಬಿಸಾಡುತ್ತಾರೆ. ನಾನು ಹೋಗಿದ್ದೇ ಆ ವೇಸ್ಟಿಗೋಸ್ಕರ!

ಅಂಗಡಿ ಬೆಂಗಳೂರಿನಲ್ಲಿದೆ. ಹೆಸರು ಹಾಕುತ್ತಿಲ್ಲ, ಯಾಕಂದರೆ ಈ ಕತ್ತರಿ ಚಟ ಒಬ್ಬರದ್ದಲ್ಲ, ನಾನು ಫೋನ್ ಮಾಡಿ ವಿಚಾರಿಸಿದ ಬೇರೆಯವರೂ ಇದನ್ನೇ ಹೆಮ್ಮೆಯಿಂದ ಹೇಳಿಕೊಂಡರು. ಹಿಂದೆ ಮದುವೆ ವಿಡಿಯೊ ಮಾಡುತ್ತಿದ್ದ ಸ್ಟುಡಿಯೊ, ಈಗ ಕ್ಯಾಸೆಟ್‌ನಿಂದ ಪೆನ್‌ಡ್ರೈವ್‌ಗೆ ಹಾಕಿಕೊಡುತ್ತಾರೆ. ಒಂದು ಕ್ಯಾಸೆಟ್‌ಗೆ 450 ರೂಪಾಯಿ, ಫಂಗಸ್ ಇದ್ದರೆ ಮೇಲೆ 150.

ನಮ್ಮದು ಎಲ್ಲದರಲ್ಲೂ ಫಂಗಸ್. ದೊಡ್ಡಪ್ಪ ಕುವೈತ್‌ನಿಂದ ಟೀವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ವಿಸಿಆರ್ ತಂದಿದ್ದರು, ಇದ್ದದ್ದು ಉಡುಪಿ ಕಡೆಯ ಮನೆಯಲ್ಲಿ. ಆ ಮಳೆ, ಆ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕೂತಿರುತ್ತದೆ. ಹಾಗೇ ಪ್ಲೇ ಮಾಡಿದರೆ ಆ ಪುಡಿ ಮೆಷಿನ್ನಿನಲ್ಲಿ ಟೇಪ್ ಓದುವ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟೂ ಕೆಡುತ್ತದೆ. ಇವರು ಕ್ಯಾಸೆಟ್ ಬಿಚ್ಚಿ, ಟೇಪನ್ನು ನಿಧಾನಕ್ಕೆ ಸುತ್ತಿಸುತ್ತಾ ಒರೆಸಿ, ಆಮೇಲೆ ಬೇರೆ ಡಬ್ಬಿಗೆ ಹಾಕಿ ಓಡಿಸಿದರು. ನಾನು ನಿಂತು ನೋಡಿದೆ. ಇದಕ್ಕೆ ಪೂರ್ತಿ ಮಾರ್ಕ್ಸು. ಮೆಷಿನ್‌ಗಳೆಲ್ಲ ಹಳೆಯವೇ, ಹೊಸದು ಸಿಗೋದೂ ಇಲ್ಲ. ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ನಿಲ್ಲಿಸಿತು. ಈಗ ಒಂದು ಮೆಷಿನ್ ಕೆಟ್ಟರೆ ಇನ್ನೊಂದರ ಹೊಟ್ಟೆ ಬಗೆದು ಪಾರ್ಟ್ ಹಾಕಬೇಕು. ಹಾಗಾಗಿ ಮಾಡಿಸುವವರು ಮುಂದೂಡಬೇಡಿ.

ಈಗ ಜಗಳದ ವಿಷಯ. ಮೊದಲ ಕಂತಿನಲ್ಲಿ ಕೊಟ್ಟ ಪೆನ್‌ಡ್ರೈವ್ ತಂದು ಹಾಕಿದರೆ ‘ರಾಮಾಯಣ’ ಟೈಟಲ್‌ನಿಂದ ಶುರುವಾಗಿ ಕೊನೆಯ ಹೆಸರುಗಳ ಪಟ್ಟಿಗೆ ಸರಿಯಾಗಿ ನಿಂತಿತು. ಒಂದು ಸೆಕೆಂಡ್ ಹಿಂದೆ ಇಲ್ಲ, ಮುಂದೆ ಇಲ್ಲ. ಅಲ್ಲ ಸ್ವಾಮಿ, ರಾಮಾಯಣ ನೋಡೋಕೆ ನನಗೆ ಫಂಗಸ್ ಹಿಡಿದ ಕ್ಯಾಸೆಟ್ ಯಾಕೆ ಬೇಕು? 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರ ಬೆಳಗ್ಗೆ ಬಂದ ಆ ಧಾರಾವಾಹಿಯನ್ನು ಆಮೇಲೆ ಎಷ್ಟು ಸಲ ಹಾಕಿದ್ದಾರೆ, 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನವೇ ಮತ್ತೆ ತೋರಿಸಿತು. ಅದು ಎಲ್ಲೂ ಹೋಗಿಲ್ಲ. ಹೋಗಿರೋದು ಅದಕ್ಕೆ ಮುಂಚಿನ ಹತ್ತು ನಿಮಿಷ.

ವಾಪಸ್ ಹೋಗಿ ಕೇಳಿದೆ. ಯಜಮಾನರಿಗೆ ನಿಜವಾಗಲೂ ಅರ್ಥ ಆಗಲಿಲ್ಲ.

“ಮೇಡಂ, ಬರೀ ಬಣ್ಣದ ಪಟ್ಟಿ, ಕೂಂ ಅಂತ ಸೌಂಡು. ಆಮೇಲೆ ಒಂದು ಗಡಿಯಾರ. ಅದನ್ನ ಯಾರು ನೋಡ್ತಾರೆ?”

“ನಾನು ನೋಡ್ತೀನಿ ಸಾರ್. ಕ್ಯಾಸೆಟ್ ಶುರುವಿನಿಂದ ಟೇಪ್ ಮುಗಿಯೋವರೆಗೂ ಬೇಕು.”

“ಫೈಲ್ ದೊಡ್ಡದಾಗುತ್ತೆ.”

“ಆಗಲಿ.”

ಪಾಪ, ಕಟ್ ಮಾಡದ ಫೈಲ್ ಅವರ ಕಂಪ್ಯೂಟರಿನಲ್ಲೇ ಇತ್ತು. ಎಲ್ಲಾ ಕ್ಯಾಸೆಟ್‌ಗಳದ್ದೂ ಹಾಗೇ ಹಾಕಿಕೊಟ್ಟರು, ಹೆಚ್ಚಿಗೆ ದುಡ್ಡು ಕೇಳಲಿಲ್ಲ.

ದೊಡ್ಡಪ್ಪನ ಲೆಕ್ಕಾಚಾರ ಸರಳ. ಕಾರ್ಯಕ್ರಮ ತಪ್ಪಬಾರದು ಅಂತ ಮೊದಲೇ ರೆಕಾರ್ಡ್ ಒತ್ತುತ್ತಿದ್ದರು, ಮುಗಿದ ಮೇಲೆ ಊಟಕ್ಕೋ ನಿದ್ದೆಗೋ ಹೋಗಿಬಿಡುತ್ತಿದ್ದರು. ಮೂರು ಗಂಟೆಯ ಟೇಪು ತಾನಾಗೇ ಮುಗಿಯುವವರೆಗೆ ಟೀವಿಯಲ್ಲಿ ಏನು ಬಂತೋ ಅದೆಲ್ಲ ಒಳಗೆ ಕೂತಿದೆ. ಪ್ರಸಾರ ಶುರುವಾಗುವ ಮೊದಲಿನ ಬಣ್ಣದ ಪಟ್ಟಿ. ಆಮೇಲೆ ಎರಡು ಬಾಗಿದ ಆಕಾರ ನಿಧಾನಕ್ಕೆ ಸುತ್ತುತ್ತಾ ಬಂದು ಕಣ್ಣಿನಂತೆ ಕೂಡಿಕೊಳ್ಳುವ ಆ ದೂರದರ್ಶನದ ಚಿಹ್ನೆ, ಹಿಂದೆ ಆ ಶಹನಾಯಿ. 1976ರಲ್ಲಿ ದೂರದರ್ಶನ ಆಕಾಶವಾಣಿಯಿಂದ ಬೇರೆಯಾದಾಗ ಬಂದ ಟ್ಯೂನ್ ಅದು, ಪಂಡಿತ್ ರವಿಶಂಕರ್ ಅವರದ್ದು. ಚಿಹ್ನೆ ಬರೆದದ್ದು ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ. ನೆನಪಿನಲ್ಲಿ ಅದು ಚುಟುಕಾಗಿತ್ತು. ಟೇಪಿನಲ್ಲಿ ಕೂತು ನೋಡಿದರೆ ಎಷ್ಟು ನಿಧಾನ, ಎಷ್ಟು ಹೊತ್ತು! ಈಗಿನ ಚಾನಲ್‌ನವರು ಅಷ್ಟು ಹೊತ್ತಿನಲ್ಲಿ ನಾಲ್ಕು ಜಾಹೀರಾತು ತುರುಕುತ್ತಾರೆ.

ಆಮೇಲೆ ಉದ್ಘೋಷಕಿ. ಸೀರೆ, ಕಿವಿಯ ಹಿಂದೆ ಹೂವು, ಮುಖದಲ್ಲಿ ಅವಸರವೇ ಇಲ್ಲ. ಇವತ್ತು ಏನೇನಿದೆ ಅಂತ ಓದಿ, ಒಂದು ಸಣ್ಣ ನಗು ಕೊಟ್ಟು, ಕ್ಯಾಮೆರಾ ಇನ್ನೂ ತನ್ನ ಮೇಲೇ ಇದೆ ಅಂತ ಗೊತ್ತಾಗಿ ನಗುವನ್ನು ಇನ್ನೊಂದಿಷ್ಟು ಹೊತ್ತು ಹಾಗೇ ಹಿಡಿದುಕೊಂಡಿರುತ್ತಾರಲ್ಲ, ಅದು ಇದೆ. ಸಿಗ್ನಲ್ ಕೈಕೊಟ್ಟಾಗ ಬರುತ್ತಿದ್ದ ‘ರುಕಾವಟ್ ಕೇ ಲಿಯೇ ಖೇದ್ ಹೈ’ (ಅಡಚಣೆಗೆ ವಿಷಾದಿಸುತ್ತೇವೆ) ಅನ್ನುವ ಕಾರ್ಡು ಇದೆ, ಎರಡು ಕಡೆ. ಒಂದು ಕಡೆ ಅದು ಎಷ್ಟು ಹೊತ್ತು ನಿಂತಿದೆ ಅಂದರೆ ದೊಡ್ಡಪ್ಪ ಬೇಜಾರಾಗಿ ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಒತ್ತಿದ್ದು ಜಂಪ್ ಆಗಿ ಕಾಣುತ್ತದೆ. ವಾರ್ತೆಗೆ ಮುಂಚೆ ಗಡಿಯಾರ. ಹೊತ್ತು ತುಂಬಿಸೋಕೆ ಹಾಕುತ್ತಿದ್ದ ಹೂವು, ಜಲಪಾತ, ‘ಏಕ್ ಅನೇಕ್’ ಕಾರ್ಟೂನು. ಆ ಕಾರ್ಟೂನನ್ನು 1974ರಲ್ಲಿ ವಿಜಯಾ ಮುಳೆ ಮಾಡಿದ್ದು, ಹತ್ತು ಹದಿನೈದು ವರ್ಷ ಆದ ಮೇಲೂ ಸಂದು ಸಿಕ್ಕಲ್ಲೆಲ್ಲ ಅದನ್ನೇ ಹಾಕುತ್ತಿದ್ದರು. ನಾವು ಸಾಲು ಸಾಲು ಬಾಯಿಪಾಠ ಮಾಡಿದ್ದು ಹಾಗೆ, ಹಿಂದಿ ಬರದಿದ್ದರೂ.

ಹಿಂದಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ಆಗ ಸಣ್ಣ ಊರುಗಳಲ್ಲಿ ಹೆಚ್ಚಾಗಿ ಇದ್ದದ್ದು 100 ವ್ಯಾಟಿನ ಪುಟ್ಟ ಟ್ರಾನ್ಸ್‌ಮಿಟರ್. ಇನ್ಸಾಟ್ ಉಪಗ್ರಹದಿಂದ ದೆಹಲಿಯ ಕಾರ್ಯಕ್ರಮ ಇಳಿಸಿಕೊಂಡು ಹಾಗೇ ಬಿಡೋದಷ್ಟೇ ಅದರ ಕೆಲಸ. ಹಾಗಾಗಿ ದೊಡ್ಡಪ್ಪನ ಕ್ಯಾಸೆಟ್‌ಗಳಲ್ಲಿ ಉದ್ಘೋಷಕಿ ಮಾತಾಡೋದು ಹಿಂದಿ. ಚಿಕ್ಕಮ್ಮ ಬೆಂಗಳೂರಿನ ಮನೆಯಲ್ಲಿ ಸಿನಿಮಾ ಹಾಡುಗಳ ‘ಚಿತ್ರಮಂಜರಿ’ಗಾಗಿ ತುಂಬಿಸಿಟ್ಟ ಕ್ಯಾಸೆಟ್ಟಿನಲ್ಲಿ ಕನ್ನಡ ಇದೆ. ಬೆಂಗಳೂರು ಕೇಂದ್ರ ತನ್ನ ಕಾರ್ಯಕ್ರಮ ಮುಗಿಸಿ ರಾತ್ರಿ ದೆಹಲಿಗೆ ಸೇರಿಕೊಳ್ಳುವ ಆ ನಡುವಿನ ಹೊತ್ತು ನನಗೆ ತುಂಬಾ ಇಷ್ಟ. ಇಲ್ಲಿಯವರು ಬೇಗ ಮುಗಿಸಿದ್ದಾರೆ, ಅಲ್ಲಿಯವರು ಇನ್ನೂ ಶುರು ಮಾಡಿಲ್ಲ. ಚಿಹ್ನೆ, ವೀಣೆ, ಮೌನ, ಮತ್ತೆ ವೀಣೆ. ಕಾಯಿರಿ ಅಂತ ಹೇಳೋಕೂ ಯಾರಿಲ್ಲ!

ಇನ್ನೊಂದು ಮಜಾ. ವಿಸಿಆರ್ ಬಂದರೂ ದೊಡ್ಡಪ್ಪನ ಮನೆಯಲ್ಲಿ ಟೀವಿ ಇನ್ನೂ ಸುಮಾರು ವರ್ಷ ಬ್ಲ್ಯಾಕ್ ಅಂಡ್ ವೈಟೇ ಇತ್ತು, ಅದೇ ಎರಡು ಬಾಗಿಲು ಎಳೆದು ಮುಚ್ಚುವ ಪೆಟ್ಟಿಗೆ. ಆದರೆ ವಿಸಿಆರ್ ಗಾಳಿಯಲ್ಲಿ ಬಂದ ಸಿಗ್ನಲನ್ನು ಬಣ್ಣದ ಸಮೇತ ಬರೆದುಕೊಂಡಿದೆ. ನಾವು ಬೂದು ಬಣ್ಣದಲ್ಲಿ ನೋಡಿದ್ದ ಭಾನುವಾರಗಳು ಈಗ ಕಲರ್. ದೊಡ್ಡಮ್ಮ ಅಂತೂ ಉದ್ಘೋಷಕಿಯ ಸೀರೆ ನೋಡಿ “ಅಯ್ಯೋ, ಇದು ಗಿಳಿಹಸಿರಾ? ನಾನು ಕೆಂಪು ಅಂದ್ಕೊಂಡಿದ್ದೆ” ಅಂದರು.

ಈ ಚೂರುಗಳು ಆರ್ಕೈವ್‌ನಲ್ಲಿ ಸಿಗುತ್ತವಲ್ಲ ಅನ್ನುವವರಿಗೆ: ಧಾರಾವಾಹಿ, ಸಂಗೀತ ಕಛೇರಿ, ನಾಟಕಕ್ಕೆಲ್ಲ ಅದರದೇ ಮಾಸ್ಟರ್ ಟೇಪ್ ಇರುತ್ತದೆ. ಉದ್ಘೋಷಣೆ ಅವತ್ತೇ, ಆ ಹೊತ್ತಿಗೇ ಹೇಳಿ ಮುಗಿಸಿದ್ದು. ತಾಂತ್ರಿಕ ತೊಂದರೆಯ ಕಾರ್ಡು ಯಾವ ಕಾರ್ಯಕ್ರಮಕ್ಕೂ ಸೇರಿದ್ದಲ್ಲ. ಅದನ್ನು ಇಟ್ಟುಕೊಳ್ಳಬೇಕು ಅಂತ ಯಾರಿಗಾದರೂ ಯಾಕೆ ಅನ್ನಿಸುತ್ತೆ? ಉಳಿದಿರೋದು ಯಾರೋ ಮನೆಯಲ್ಲಿ ಸ್ಟಾಪ್ ಒತ್ತದೆ ಬಿಟ್ಟಿದ್ದರಿಂದ. ಬೇಕೆಂದೇ ಬಿಟ್ಟವರೂ ಇದ್ದಾರೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಅನ್ನುವವರು 1970ರ ದಶಕದ ಕೊನೆಯಿಂದ 2012ರಲ್ಲಿ ತೀರಿಕೊಳ್ಳುವವರೆಗೆ ಹಗಲು ರಾತ್ರಿ ಟೀವಿ ರೆಕಾರ್ಡ್ ಮಾಡಿದರು, ಸುಮಾರು 70 ಸಾವಿರ ಕ್ಯಾಸೆಟ್. ವಾರ್ತೆಯ ಜೊತೆಗೆ ನಡುವೆ ಬಂದ ಜಾಹೀರಾತು, ಪ್ರಕಟಣೆ ಎಲ್ಲಾ ಅದರಲ್ಲಿದೆ. ನಮ್ಮ ದೊಡ್ಡಪ್ಪನಿಗೆ ಅಂಥ ಉದ್ದೇಶ ಏನಿರಲಿಲ್ಲ, ನಿದ್ದೆ ಬರುತ್ತಿತ್ತು ಅಷ್ಟೇ.

ಈಗ ಅಂಗಡಿಯವರು ಕೇಳಿಸಿಕೊಳ್ಳಬೇಕಾದ ಮಾತು. ಆ ಬಣ್ಣದ ಪಟ್ಟಿಯನ್ನು ಕತ್ತರಿಸಿದರೆ ಕಳೆದುಕೊಳ್ಳೋದು ಬರೀ ನೆನಪಲ್ಲ, ನಿಮ್ಮ ಕೆಲಸ ಸರಿಯಾಗಿದೆಯಾ ಅಂತ ನೋಡುವ ಅಳತೆಗೋಲನ್ನೇ ಕಳೆದುಕೊಳ್ಳುತ್ತೀರಿ. ಟೆಸ್ಟ್ ಕಾರ್ಡ್ ಅನ್ನುವ ಇಂಥ ಪರೀಕ್ಷೆಯ ಚಿತ್ರ ಇದ್ದದ್ದೇ ಅದಕ್ಕೆ. ಬಿಳಿ, ಹಳದಿ, ತಿಳಿನೀಲಿ, ಹಸಿರು, ರಾಣಿ ಬಣ್ಣ, ಕೆಂಪು, ನೀಲಿ, ಕಪ್ಪು. ಆ ಕ್ರಮ ಸುಮ್ನೆ ಇಟ್ಟಿದ್ದಲ್ಲ. ಎಡದಿಂದ ಬಲಕ್ಕೆ ಹೊಳಪು ಇಳಿಯುತ್ತಾ ಹೋಗುತ್ತದೆ, ಬ್ಲ್ಯಾಕ್ ಅಂಡ್ ವೈಟ್ ಟೀವಿಯಲ್ಲಿ ಬೂದು ಬಣ್ಣದ ಮೆಟ್ಟಿಲಾಗಿ ಕಾಣುತ್ತದೆ. ಒಂದು ಮೆಟ್ಟಿಲು ಪಕ್ಕದ್ದಕ್ಕೆ ಅಂಟಿಕೊಂಡರೆ ಬ್ರೈಟ್‌ನೆಸ್ಸೋ ಕಾಂಟ್ರಾಸ್ಟೋ ತಪ್ಪಿದೆ ಅಂತ ಅರ್ಥ. ಆ ‘ಕೂಂ’ ಸಾಮಾನ್ಯವಾಗಿ ಸೆಕೆಂಡಿಗೆ 1000 ಕಂಪನದ್ದು, ಸೌಂಡ್ ಲೆವೆಲ್ ನೋಡೋಕೆ. ಬೇರೆ ಬೇರೆ ದೇಶಗಳಲ್ಲಿ ಕಾಣುತ್ತಿದ್ದ ದೊಡ್ಡ ವೃತ್ತದ ಕಾರ್ಡು ಇದೆಯಲ್ಲ, ಫಿಲಿಪ್ಸ್‌ನವರು ಡೆನ್ಮಾರ್ಕಿನಲ್ಲಿ ಮಾಡಿದ್ದು, ಅದರಲ್ಲಿ ವೃತ್ತ ಇರೋದು ಚಿತ್ರ ಎಳೆದಿದೆಯಾ ಅಮುಕಿದೆಯಾ ಅಂತ ಕಣ್ಣಿಗೇ ಗೊತ್ತಾಗಲಿ ಅಂತ. ಬಿಬಿಸಿಯ 1967ರ ಕಾರ್ಡಿನಲ್ಲಿ ಹುಡುಗಿಯೊಬ್ಬಳು ಬೊಂಬೆ ಜೊತೆ ಸೊನ್ನೆ–ಕಾಟು ಆಡುತ್ತಾಳೆ. ಆ ಕಾಟು ಗುರುತು ಇರೋದು ಸರಿಯಾಗಿ ಪರದೆಯ ನಡುಮಧ್ಯಕ್ಕೆ. ಅವಳು ಆ ಕಾರ್ಡ್ ಮಾಡಿದ ಎಂಜಿನಿಯರ್ ಮಗಳೇ.

ನಮ್ಮ ಫೈಲ್‌ಗೆ ಬರೋಣ. ದೂರದರ್ಶನದ ಚಿಹ್ನೆಯ ನಡುವಿನ ದುಂಡು ಬೊಟ್ಟು ಮೊಟ್ಟೆ ಆಗಿತ್ತು. ಅಂದರೆ 4:3 ಅಳತೆಯ (ಅಗಲ ನಾಲ್ಕು, ಎತ್ತರ ಮೂರು) ಹಳೇ ಚಿತ್ರವನ್ನು ಅಗಲ ಟೀವಿಗೆ ತುಂಬಲಿ ಅಂತ ಎಳೆದಿದ್ದಾರೆ. ರಾಮಾಯಣ ಮಾತ್ರ ನೋಡಿದ್ದರೆ ನಟರು ಸ್ವಲ್ಪ ದಪ್ಪ ಇದ್ದರೇನೋ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಪಟ್ಟಿಗಳಲ್ಲಿ ಕೆಂಪು ಪಕ್ಕದ ನೀಲಿಗೆ ಜಾಸ್ತಿ ಹರಿದಿತ್ತು. ವಿಎಚ್‌ಎಸ್ ಅನ್ನುವ ಈ ಮಾದರಿಯ ಕ್ಯಾಸೆಟ್ಟಿನಲ್ಲಿ ಬಣ್ಣ ಮೊದಲೇ ಮಸುಕು, ಸ್ವಲ್ಪ ಹರಿಯೋದು ಸಹಜ, ಆದರೆ ಇವರು ‘ಕಲರ್ ಚೆನ್ನಾಗಿ ಕಾಣಲಿ’ ಅಂತ ಇನ್ನೂ ಏರಿಸಿದ್ದರು. ಎಲ್ಲಕ್ಕಿಂತ ತಮಾಷೆ ಆ ‘ಕೂಂ’ ಶಬ್ದದ್ದು. ಎರಡು ಸೆಕೆಂಡ್ ಕೇಳಿ ಸಣ್ಣಗಾಗಿ ಮಾಯ. ಅವರ ಸಾಫ್ಟ್‌ವೇರ್‌ನಲ್ಲಿ ಗಲಾಟೆ ಕಡಿಮೆ ಮಾಡುವ ಫಿಲ್ಟರ್ ಆನ್ ಇತ್ತು, ಒಂದೇ ಸಮ ಬರುವ ಶಬ್ದ ಕೇಳಿ ಇದು ಫ್ಯಾನೋ ಟ್ಯೂಬ್‌ಲೈಟೋ ಇರಬೇಕು ಅಂತ ಅಳಿಸಿಹಾಕಿದೆ. ತಂಬೂರಿ ಶ್ರುತಿಗೂ ಇದೇ ಗತಿ ಅಲ್ವಾ? ಬೇರೆ ಗಿರಾಕಿಗಳ ಕಛೇರಿ ರೆಕಾರ್ಡಿಂಗ್ ಏನಾಗಿದೆಯೋ.

ಇದನ್ನೆಲ್ಲ ತೋರಿಸಿದಾಗ ಯಜಮಾನರು ಸಿಟ್ಟಾಗಲಿಲ್ಲ, ಅದನ್ನು ಹೇಳಲೇಬೇಕು. ಅಲ್ಲೇ ಇದ್ದ ಹುಡುಗ ಪಟ್ಟಿ ಇರುವ ಜಾಗದಲ್ಲಿ ನಿಲ್ಲಿಸಿ, ಗ್ರಾಫ್ ತೆಗೆದು, ಬಣ್ಣ ಸರಿ ಮಾಡಿ, ಫಿಲ್ಟರ್ ಆಫ್ ಮಾಡಿ ಮತ್ತೆ ಓಡಿಸಿದ. ಈ ಸಲ ‘ಕೂಂ’ ಪೂರ್ತಿ ಬಂತು, ಸಣ್ಣಗೆ ನಡುಗುತ್ತಾ. ಅದು ಟೇಪು ಒಂದೇ ವೇಗದಲ್ಲಿ ಹೋಗುತ್ತಿಲ್ಲ ಅನ್ನೋದರ ಗುರುತು. ಬೇರೆ ಮೆಷಿನ್‌ಗೆ ಹಾಕಿದ ಮೇಲೆ ನಡುಕ ಸುಮಾರು ಕಡಿಮೆ ಆಯಿತು. ದೆಹಲಿಯಲ್ಲಿ ಯಾರೋ ಎಂಜಿನಿಯರ್ ಅವತ್ತಿನ ಡ್ಯೂಟಿಗೆ ಹಾಕಿದ ಪಟ್ಟಿ, ಬೆಂಗಳೂರಿನ ಅಂಗಡಿಯಲ್ಲಿ ಈಗಲೂ ತಪ್ಪು ಹಿಡಿಯುತ್ತಿದೆ ನೋಡಿ.

ಹೋಗುವವರಿಗೆ ಕೆಲವು ಮಾತು. ಕ್ಯಾಸೆಟ್ ಕೊಡುವಾಗಲೇ ಚೀಟಿಯಲ್ಲಿ ಬರೆಯಿರಿ: ಏನೂ ಕಟ್ ಮಾಡಬಾರದು, 4:3 ಹಾಗೇ ಇರಬೇಕು, ಸೌಂಡ್ ಫಿಲ್ಟರ್ ಬೇಡ. ಚಿತ್ರದ ಕೆಳಗಡೆ ಒಂದು ಹರಿದ ಗೆರೆ ಕಾಣುತ್ತದೆ, ಹಳೇ ಟೀವಿಯಲ್ಲಿ ಚೌಕಟ್ಟಿನ ಹಿಂದೆ ಅಡಗಿರುತ್ತಿತ್ತು, ಅದನ್ನು ನೋಡಿ ಗಾಬರಿಯಾಗಿ ಕ್ರಾಪ್ ಮಾಡಿಸಬೇಡಿ. ಒಂದು ಕ್ಯಾಸೆಟ್ ಮಾತ್ರ ಮೊದಲು ಮಾಡಿಸಿ ಮನೆಗೆ ತಂದು ನೋಡಿ. ಕ್ಯಾಸೆಟ್ ಬೆನ್ನಿನ ಸಣ್ಣ ಪ್ಲಾಸ್ಟಿಕ್ ಚೂರನ್ನು ಮುರಿದು ಕೊಡಿ, ಆಗ ಕೈತಪ್ಪಿ ಮೇಲೆ ರೆಕಾರ್ಡ್ ಆಗೋ ಭಯ ಇರಲ್ಲ.

ಯಾರಿಗೆ ಬೇಡ ಅಂತಲೂ ಹೇಳುತ್ತೇನೆ. ಮದುವೆ ವಿಡಿಯೊ ವಾಟ್ಸಾಪ್‌ನಲ್ಲಿ ಹಂಚಿದರೆ ಸಾಕು ಅನ್ನುವವರಿಗೆ ಇಷ್ಟೆಲ್ಲ ತಲೆಬಿಸಿ ಬೇಕಿಲ್ಲ, ಅಂಗಡಿಯವರು ಕಟ್ ಮಾಡಿ ಕೊಟ್ಟಿದ್ದೇ ಚೆನ್ನಾಗಿರುತ್ತದೆ. ಹಾಡು ಬೇಕು, ಧಾರಾವಾಹಿ ಬೇಕು ಅಂದರೂ ಬೇಡ, ನೆಟ್‌ನಲ್ಲಿ ಇದಕ್ಕಿಂತ ಒಳ್ಳೆ ಪ್ರಿಂಟ್ ಸಿಗುತ್ತದೆ.

ಐದಕ್ಕೆ ನಾಲ್ಕು. ಒಂದು ಕಳೆದದ್ದು ಮೊದಲ ಪೆನ್‌ಡ್ರೈವ್‌ಗೆ. ಚಿಕ್ಕಮ್ಮನ ಅಟ್ಟದ ಮೇಲೆ ಇನ್ನೂ ಒಂದು ಚೀಲ ಇದೆಯಂತೆ, ಲೇಬಲ್ ಇಲ್ಲದ ಕ್ಯಾಸೆಟ್‌ಗಳು. ಅದನ್ನೂ ಇವರಿಗೇ ಕೊಡುತ್ತೇನೆ, ಚೀಟಿ ಅಂಟಿಸಿ.