ಆರು ಗಾಲಿಯ ಬೈಕ್ ಡಾಲಿ: ಸಣ್ಣ ಪೋರ್ಟಿಕೊದಲ್ಲಿ ಬುಲೆಟ್ ತಿರುಗಿಸೋರು ಕೊಳ್ಳೋ ಮುಂಚೆ ನೋಡಿ

ದಾವಣಗೆರೆಯ 30×40 ಸೈಟಿನ ಮನೆಗಳಲ್ಲಿ ಪೋರ್ಟಿಕೊ ಅಂದ್ರೆ ಹೆಚ್ಚುಕಮ್ಮಿ ಹತ್ತಡಿ ಅಗಲ. ಅದರಲ್ಲೇ ಕಾರು, ಮಹಡಿ ಮೆಟ್ಟಿಲು, ಸಂಪಿನ ಮುಚ್ಚಳ ಎಲ್ಲಾ ಇರಬೇಕು. ರಾತ್ರಿ ಬೈಕನ್ನು ಮುಂದ್ಮುಂದಕ್ಕೇ ಒಳಗೆ ಹಾಕಿದರೆ ಬೆಳಿಗ್ಗೆ ಹಿಂದಕ್ಕೆ ಎಳೆದು ರ‍್ಯಾಂಪ್ ಇಳಿಸಬೇಕು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತೂಕ 195 ಕೆ.ಜಿ., ಸೂಪರ್ ಮೀಟಿಯರ್ 650 ಆದರೆ 241 ಕೆ.ಜಿ. ಇಳಿಜಾರಲ್ಲಿ ಹಿಂದಕ್ಕೆ ಬರುವ ಇಂಥ ಗಾಡಿ ಒಂದು ಸಲ ಆ ಕಡೆ ವಾಲಿತು ಅಂದ್ರೆ ಒಬ್ಬರ ಕೈಲಿ ಹಿಡಿಯೋಕಾಗಲ್ಲ. ನಿಂತಲ್ಲೇ ಗಾಡಿ ತಿರುಗಿಸೋಕೆ ಅಂತ ಡಾಲಿ ಬರೋದು ಇದಕ್ಕೇ. ಎರಡೂ ಚಕ್ರ ಕೂರುವಂಥ ಉದ್ದನೆಯ ಕಬ್ಬಿಣದ ಚಾನಲ್, ಅದರ ಅಕ್ಕಪಕ್ಕ ತೋಳು, ತೋಳಿನ ಕೆಳಗೆ ಸುತ್ತ ತಿರುಗುವ ಕ್ಯಾಸ್ಟರ್ ಗಾಲಿ.

ಸಾಮಾನು ಒಳ್ಳೆಯದೇ. ಆದರೆ ಎಲ್ಲರ ಮನೆಗೂ ಆಗಲ್ಲ, ಅದನ್ನ ತೀರ್ಮಾನ ಮಾಡೋದು ನಿಮ್ಮ ನೆಲ. ನೀರು ಗೇಟಿನ ಕಡೆ ಹರಿಯಲಿ ಅಂತ ಮೇಸ್ತ್ರಿ ಪೋರ್ಟಿಕೊಗೆ ವಾಟ ಕೊಟ್ಟೇ ಕೊಟ್ಟಿರುತ್ತಾರೆ. ಹತ್ತಡಿಗೆ ಎರಡಿಂಚು ವಾಟ ಇದ್ದರೆ, ಡಾಲಿ ಸೇರಿ 220 ಕೆ.ಜಿ. ಆಗುವ ಗಾಡಿಯನ್ನು ಆ ಇಳಿಜಾರು ಮೂರೂವರೆ ನಾಲ್ಕು ಕೆ.ಜಿ. ಬಲದಲ್ಲಿ ಸದಾ ಗೇಟಿನ ಕಡೆ ಎಳೀತಾ ಇರುತ್ತೆ. ಒಳ್ಳೆ ಗಾಲಿ ಉರುಳೋಕೆ ಅಷ್ಟು ಸಾಕು. ರಸಮಟ್ಟ ಇದ್ದರೆ ಇಟ್ಟು ನೋಡಿ, ಇಲ್ಲದಿದ್ದರೆ ಮಕ್ಕಳ ಗೋಲಿ ಒಂದನ್ನ ನೆಲದ ಮೇಲೆ ಬಿಡಿ. ಅದು ನಿಲ್ಲದೆ ವೇಗ ಹಿಡಿದು ಗೇಟಿನ ಕಡೆ ಓಡಿದರೆ ಒಬ್ಬರೇ ಡಾಲಿ ತಳ್ಳೋ ಯೋಚನೆ ಬಿಟ್ಟುಬಿಡಿ.

ಎರಡನೇ ಅಳತೆ ಜಾಗದ್ದು. ಕ್ಲಾಸಿಕ್ 350 ಉದ್ದ 2145 ಮಿ.ಮೀ. ಹ್ಯಾಂಡಲ್ ಅಗಲ ಸೇರಿಸಿ ಲೆಕ್ಕ ಹಾಕಿದರೆ, ನಡುಮಧ್ಯ ಇಟ್ಟುಕೊಂಡು ತಿರುಗೋಕೆ ಏಳೂವರೆ ಅಡಿ ವೃತ್ತ ಬೇಕು. ನಾಲ್ಕಡಿ ದಾರಕ್ಕೆ ಸೀಮೆಸುಣ್ಣ ಕಟ್ಟಿ ನೆಲದ ಮೇಲೆ ಎಂಟಡಿ ವೃತ್ತ ಎಳೆಯಿರಿ. ಅದರೊಳಗೆ ಕಾರಿನ ಬಂಪರ್, ಮೊದಲ ಮೆಟ್ಟಿಲು, ಪಿಲ್ಲರ್ ಯಾವುದೂ ಬರಬಾರದು. ಸೂಪರ್ ಮೀಟಿಯರ್ 2260 ಮಿ.ಮೀ. ಇದೆ. ಎಂಟಡಿಯಲ್ಲಿ ತಿರುಗಿದರೂ ಬೆರಳು ತೂರುವಷ್ಟೇ ಜಾಗ ಉಳಿಯೋದು, ಅದಕ್ಕೆ ಒಂಬತ್ತಡಿ ಇಟ್ಟುಕೊಳ್ಳಿ.

ಇನ್ನು ಡಾಲಿ ವಿಷಯ. ರೆಡಿಮೇಡ್ ಡಾಲಿಗಳಲ್ಲಿ ನೋಡಬೇಕಾದ ಮೊದಲ ಸಂಗತಿ ಚಾನಲ್ಲಿನ ಎತ್ತರ. ಗಾಲಿಗಳು ಚಾನಲ್ಲಿನ ಕೆಳಗೇ ಇದ್ದರೆ ಗಾಡಿ ನೆಲದಿಂದ ನಾಲ್ಕಿಂಚು ಮೇಲೆ ಕೂರುತ್ತೆ. ಹತ್ತಿಸೋದೇ ಕಷ್ಟ, ಹತ್ತಿಸುವಾಗಲೇ ಬೀಳೋ ಸಂಭವ ಜಾಸ್ತಿ. ತೋಳು ಮೇಲಕ್ಕೆ ಬಾಗಿ, ಗಾಲಿ ಪಕ್ಕಕ್ಕೆ ಬಂದು, ಚಾನಲ್ ನೆಲದಿಂದ ಒಂದಿಂಚು ಮಾತ್ರ ಮೇಲಿರುವಂಥದ್ದನ್ನೇ ತಗೊಳ್ಳಿ.

ಗಾಲಿ ಮೂರಿಂಚಿನ ಪಿಯು (ಪಾಲಿಯುರೆಥೇನ್, ಗಟ್ಟಿ ರಬ್ಬರಿನಂಥದ್ದು) ಇರಲಿ. ಎರಡಿಂಚಿನ ಗಾಲಿ ಪಾರ್ಕಿಂಗ್ ಟೈಲ್ಸಿನ ಗೆರೆಗೆ ಸಿಕ್ಕಿ ಜರ್ಕ್ ಹೊಡೆಯುತ್ತೆ. ಬರೀ ಕಬ್ಬಿಣದ ಗಾಲಿ ಟೈಲ್ಸನ್ನೇ ಒಡೆದುಹಾಕುತ್ತೆ. ಭಾರದ ಲೆಕ್ಕ ಆರು ಗಾಲಿಗೆ ಹಂಚಿ ಮಾಡಬೇಡಿ. ನೆಲ ಎಲ್ಲೂ ಪೂರ್ತಿ ಸಪಾಟಿರಲ್ಲ, ಕೆಲವು ಹೊತ್ತು ಮೂರೇ ಗಾಲಿ ಎಲ್ಲ ಭಾರ ಹೊರುತ್ತವೆ. 220ನ್ನು ಮೂರರಿಂದ ಭಾಗಿಸಿದರೆ 73, ಅಂದರೆ ಒಂದೊಂದು ಗಾಲಿಗೂ 100 ಕೆ.ಜಿ. ತಾಕತ್ತು ಬೇಕು.

ರೆಡಿಮೇಡ್ ಡಾಲಿಯ ದೊಡ್ಡ ತೊಂದರೆ ಯಾರೂ ಹೇಳದೇ ಇರೋದು ಒಂದಿದೆ. ಒಂದು ತುದಿಯಲ್ಲಿ ಹತ್ತುವ ರ‍್ಯಾಂಪ್, ಇನ್ನೊಂದು ತುದಿಯಲ್ಲಿ ಮುಂದಿನ ಚಕ್ರಕ್ಕೆ ವೆಲ್ಡ್ ಮಾಡಿದ ತಡೆ. ಗಾಡಿ ಮನೆ ಕಡೆ ಮುಖ ಮಾಡಿ ಹತ್ತಿತು, ತಿರುಗಿಸಿದಿರಿ, ಈಗ ಮುಖ ಗೇಟಿನ ಕಡೆ. ಆದರೆ ಮುಂದೆ ತಡೆ ಇದೆ! ಇಳಿಸೋಕೆ ಮತ್ತೆ ಹಿಂದಕ್ಕೇ ಎಳೀಬೇಕು, ಅದಕ್ಕೆ ಹಿಂದುಗಡೆ ಇನ್ನೂ ಏಳಡಿ ಜಾಗ ಬೇಕು. ಅಷ್ಟು ಜಾಗ ಇದ್ದವರಿಗೆ ಡಾಲಿಯೇ ಬೇಕಾಗಿರಲಿಲ್ಲ. ತಡೆ ಪಿನ್ ಹಾಕಿ ತೆಗೆಯುವಂಥದ್ದಿರಬೇಕು, ರ‍್ಯಾಂಪ್ ಎರಡೂ ತುದಿಗಿರಬೇಕು.

ಸೈಡ್ ಸ್ಟ್ಯಾಂಡ್ ಕೂರುವ ಪ್ಲೇಟಿನ ವಿಷಯವೂ ಹಾಗೇ. ಆ ಪ್ಲೇಟ್ ಚಾನಲ್ಲಿನ ತಳದ ಮಟ್ಟಕ್ಕೇ ಇರಬೇಕು. ಅರ್ಧ ಇಂಚು ಮೇಲಿದ್ದರೆ ಗಾಡಿ ನೆಟ್ಟಗೆ ನಿಂತುಬಿಡುತ್ತೆ, ತಳ್ಳುವಾಗ ಸ್ವಲ್ಪ ಅಲುಗಿದರೆ ಬಲಕ್ಕೆ ಉರುಳುತ್ತೆ. ತಗ್ಗಿದ್ದರೆ ಎಡಕ್ಕೆ ವಿಪರೀತ ವಾಲುತ್ತೆ. ಪ್ಲೇಟಿನ ಹತ್ತಿರವೇ ಒಂದು ಗಾಲಿ ಇದೆಯಾ ನೋಡಿ, ವಾಲಿದ ಭಾರವೆಲ್ಲ ಆ ಕಡೆಗೇ ಬೀಳೋದು.

ಇಷ್ಟೆಲ್ಲ ನೋಡಿದ ಮೇಲೆ, ನಮ್ಮೂರಲ್ಲಿ ಗೇಟು ಗ್ರಿಲ್ಲು ಮಾಡುವ ಒಳ್ಳೆ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿಕೊಳ್ಳೋದೇ ಮೇಲು. 3 ಮಿ.ಮೀ. ಚೆಕರ್ಡ್ ಪ್ಲೇಟು, ಅಂದರೆ ಮೇಲೆ ಉಬ್ಬು ಗೆರೆ ಇರೋದು, ಹೇಳಿ. ನುಣುಪು ಪ್ಲೇಟಿಗೆ ಬಣ್ಣ ಹೊಡೆಸಿದರೆ ಮಳೇಲಿ ಒದ್ದೆ ಟೈರು ಜಾರುತ್ತೆ. ಚಾನಲ್ ಏಳಿಂಚು ಅಗಲ, ಎರಡಿಂಚು ಅಂಚು, ಉದ್ದ ಆರೂವರೆ ಅಡಿ. ತೋಳಿಗೆ 40×40 ಮಿ.ಮೀ. ಚೌಕ ಪೈಪ್. ಕಬ್ಬಿಣದ ಕೆಲಸದಲ್ಲಿ ತೂಕದ ಮೇಲೆ ದುಡ್ಡು. ಒಟ್ಟು 25 ಕೆ.ಜಿ. ಆಸುಪಾಸು ಬರುತ್ತೆ, ಯಾರಾದರೂ 40 ಅಂದರೆ ಪಕ್ಕದಲ್ಲಿ ನಿಂತು ತೂಗಿಸಿ. ಗಾಡಿಯನ್ನೇ ಅಂಗಡಿಗೆ ಒಯ್ಯಿರಿ. ಸಪಾಟು ನೆಲದಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ, ಸ್ಟ್ಯಾಂಡಿನ ಪಾದ ಹಿಂದಿನ ಚಕ್ರದಿಂದ ಎಷ್ಟು ಮುಂದೆ, ಟೈರಿನ ಗೆರೆಯಿಂದ ಎಷ್ಟು ಎಡಕ್ಕೆ ಅಂತ ಅಳೆದು ಆಮೇಲೇ ಪ್ಲೇಟ್ ಬೆಸೆಯಲಿ.

ಹತ್ತಿಸುವ ಕ್ರಮ ಹೀಗೆ. ಡಾಲಿಯ ಮುಂತುದಿ ಗೋಡೆಗೆ ತಾಗಿಸಿ, ಬ್ರೇಕ್ ಗಾಲಿಗಳನ್ನು ತುಳಿದು ಲಾಕ್ ಮಾಡಿ. ಗೋಡೆ ಯಾಕೆ ಅಂದ್ರೆ ಧೂಳಿನ ಟೈಲ್ಸಿನ ಮೇಲೆ ಲಾಕ್ ಆದ ಗಾಲಿಯೂ ಜಾರುತ್ತೆ. ಇಂಜಿನ್ ಆಫ್, ನೀವು ಗಾಡಿಯ ಎಡಕ್ಕೆ, ಎರಡೂ ಕೈ ಹ್ಯಾಂಡಲ್ ಮೇಲೆ, ಬಲಗೈ ಬೆರಳು ಮುಂದಿನ ಬ್ರೇಕ್ ಮೇಲೆ, ಸೊಂಟ ಸೀಟಿಗೆ ಒತ್ತಿಕೊಂಡಿರಲಿ. ಹತ್ತಿಸಿ ಸೈಡ್ ಸ್ಟ್ಯಾಂಡ್ ಹಾಕಿ, ಫಸ್ಟ್ ಗೇರಿಗೆ ಬಿಡಿ, ಹಳೇ ಟ್ಯೂಬಿನ ಪಟ್ಟಿಯಿಂದ ಬ್ರೇಕ್ ಲಿವರ್ ಬಿಗಿಯಾಗಿ ಕಟ್ಟಿ. ಆಮೇಲೆ ಲಾಕ್ ಬಿಚ್ಚಿ ತಿರುಗಿಸಿ. ಹ್ಯಾಂಡಲ್ ಹಿಡಿದು ತಳ್ಳಬೇಡಿ, ಗಾಡಿ ವಾಲುತ್ತೆ. ಹಿಂದಿನ ಗ್ರ್ಯಾಬ್ ರೈಲ್ ಹಿಡಿದು ನಿಧಾನ ತಳ್ಳಿ. ಶುರುವಲ್ಲಿ ಗಾಲಿಗಳು ದಿಕ್ಕು ಬದಲಿಸುವಾಗ ಒಂದು ಕುಲುಕು ಬರುತ್ತೆ, ಅದಕ್ಕೆ ಹೆದರಿ ಜೋರು ಮಾಡಬೇಡಿ.

ಡಬಲ್ ಸ್ಟ್ಯಾಂಡ್ ಅಡಿಗೆ ಇಡುವ ಚಿಕ್ಕ ಡಾಲಿ ಅಗ್ಗವಾದರೂ ಬೇಡ. ಪ್ಲೇಟ್ ದಪ್ಪದಷ್ಟು ಗಾಡಿಯನ್ನು ಇನ್ನೂ ಮೇಲೆ ಎತ್ತಬೇಕು, ಮುಂದಿನ ಚಕ್ರ ನೆಲಕ್ಕೆ ತಾಗಿ ಉಜ್ಜುತ್ತೆ. ಸೈಡ್ ಸ್ಟ್ಯಾಂಡ್ ಮೇಲೆ ಪೂರ್ತಿ ಗಾಡಿ ಎಳೆದು ಬುಗುರಿ ಹಾಗೆ ತಿರುಗಿಸೋದಂತೂ ಬೇಡವೇ ಬೇಡ, ಆ ಬೋಲ್ಟು ಬ್ರಾಕೆಟ್ಟು ಇಡೀ ಗಾಡಿ ಹೊರೋಕೆ ಮಾಡಿದ್ದಲ್ಲ.

ಚಿತ್ರದುರ್ಗದ ಹಳೇ ಮನೆಗಳ ಕಲ್ಲುಚಪ್ಪಡಿ ನೆಲ ಇದ್ದವರಿಗೆ ಒಂದು ಮಾತು. ಚಪ್ಪಡಿ ಸಂದಿಗೆ ಯಾವ ಗಾಲಿಯಾದರೂ ಸಿಕ್ಕಿಬೀಳುತ್ತೆ. 18 ಮಿ.ಮೀ. ಪ್ಲೈವುಡ್ 8×4 ಅಡಿ ಹಾಳೆ ಬರುತ್ತೆ, ಎರಡು ಹಾಳೆ ಅಕ್ಕಪಕ್ಕ ಹಾಸಿದರೆ ಸರಿಯಾಗಿ ಆ ಎಂಟಡಿ ವೃತ್ತ ಕೂರುತ್ತೆ. ಕೂಡುವ ಜಾಗಕ್ಕೆ ಅಡಿಯಿಂದ ಪಟ್ಟಿ ಹೊಡೆಸಿ, ಇಲ್ಲದಿದ್ದರೆ ಗಾಲಿ ಬಂದಾಗ ಒಂದು ಹಾಳೆ ತಗ್ಗುತ್ತೆ.

ಗಾಲಿಯ ಅಚ್ಚಿಗೆ ಕೂದಲು, ಚೀಲದ ನಾರು ಸುತ್ತಿಕೊಂಡರೆ ಒಂದು ಗಾಲಿ ಹಿಡಿದು ಡಾಲಿ ಓರೆಗೆ ಓಡುತ್ತೆ. ಆರು ತಿಂಗಳಿಗೊಮ್ಮೆ ಮಗುಚಿ ಹಾಕಿ ಬ್ಲೇಡಿನಿಂದ ಕೊಯ್ದು ತೆಗೆದು ಗ್ರೀಸ್ ಹಚ್ಚಿ. ಬಳಸದಾಗ ಗೋಡೆಗೆ ಒರಗಿಸಿ ನಿಲ್ಲಿಸುವುದಾದರೆ ಕೊಕ್ಕೆ ಹಾಕಿ ಕಟ್ಟಿರಿ, ಮಕ್ಕಳು ಓಡಾಡುವ ಜಾಗ ಅದು.