ಮಂಡಿಯ ಶಸ್ತ್ರಚಿಕಿತ್ಸೆಯ ನಂತರ ಬೆಳ್ಳಿಯ ಊಟ: ಕೀಲು ಆರೈಕೆಯ ಆಹಾರ ಬಳಸಿದ ಹದಿನಾಲ್ಕು ತಿಂಗಳು

ನಮ್ಮ ಮನೆಯ ಪೊಮೇರಿಯನ್ ಬೆಳ್ಳಿಗೆ ಐದೂವರೆ ವರ್ಷವಾಗಿದ್ದಾಗ ಎಡ ಹಿಂಗಾಲಿನ ಮಂಡಿಚಿಪ್ಪು ಪದೇ ಪದೇ ಒಳಬದಿಗೆ ಜಾರತೊಡಗಿತು. ಸಣ್ಣ ತಳಿಯ ನಾಯಿಗಳಲ್ಲಿ ಇದು ತೀರಾ ಸಾಮಾನ್ಯವಾದ ತೊಂದರೆ. ಅದರ ತೀವ್ರತೆಯನ್ನು ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ; ಬೆಳ್ಳಿಯದು ಮೂರನೆಯ ಹಂತಕ್ಕೆ ಬಂದಿತ್ತು. ಕಳೆದ ವರ್ಷದ ಆಗಸ್ಟ್ ತಿಂಗಳಲ್ಲಿ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮಂಡಿಚಿಪ್ಪು ಕೂರುವ ತೋಡನ್ನು ಆಳ ಮಾಡಿ, ಅದನ್ನು ಹಿಡಿದಿರುವ ಸ್ನಾಯುರಜ್ಜು ಅಂಟಿಕೊಂಡ ಮೂಳೆಯ ಭಾಗವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಪಿನ್ನು ಹಾಕಿದರು. ಹೊಲಿಗೆ ಬಿಚ್ಚುವ ದಿನ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಔಷಧಗಳ ಕೆಳಗೆ ಎರಡು ಸಾಲು ಹೆಚ್ಚಾಗಿ ಇದ್ದವು: ತೂಕ 7.2 ಕಿಲೋದಿಂದ 6 ಕಿಲೋಗೆ ಇಳಿಯಬೇಕು, ಮತ್ತು ಕೀಲು ಆರೈಕೆಯ ಒಣ ಆಹಾರ ಶುರು ಮಾಡಬೇಕು. ಆ ಆಹಾರವನ್ನು ಅಂದಿನಿಂದ ಇಂದಿನವರೆಗೆ ಬಳಸಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಅವಧಿಯಲ್ಲಿ ಎರಡು ಬೇರೆ ಕಂಪನಿಗಳ ಆಹಾರವನ್ನು ಕೊಟ್ಟಿರುವುದರಿಂದ ಮತ್ತು ನಾನು ಹೇಳುವ ಮಾತು ಎರಡಕ್ಕೂ ಅನ್ವಯಿಸುವುದರಿಂದ ಹೆಸರುಗಳನ್ನು ಬಿಟ್ಟಿದ್ದೇನೆ.

ಮೊದಲು ಬೆಳ್ಳಿ ಏನು ತಿನ್ನುತ್ತಿದ್ದಳು ಎಂಬುದನ್ನು ಹೇಳಬೇಕು. ನಮ್ಮದು ಮೀನು ತಿನ್ನುವ ಮನೆ. ಕುಚ್ಚಲಕ್ಕಿ ಅನ್ನಕ್ಕೆ ಮೀನಿನ ಸಾರಿನ ತಿಳಿ, ಮಧ್ಯಾಹ್ನ ಒಂದಿಷ್ಟು ಮೊಸರನ್ನ, ಬೆಳಗ್ಗೆ ಸಂಜೆ ಮಾವನವರ ಚಹಾದ ಜೊತೆಗೆ ಎರಡೆರಡು ಬಿಸ್ಕತ್ತು, ನೀರುದೋಸೆ ಮಾಡಿದ ದಿನ ಅತ್ತೆಯವರ ಕೈಯಿಂದ ಒಂದು ದೋಸೆ. ಸಾರಿನಲ್ಲಿ ಈರುಳ್ಳಿ ಮತ್ತು ಬೆಳ್ಳುಳ್ಳಿ ಇರುತ್ತಿತ್ತು, ಅವೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ ಎಂಬುದು ನಮಗೆ ತಿಳಿದಿರಲಿಲ್ಲ. ವೈದ್ಯರು ಬೆಳ್ಳಿಯ ಪಕ್ಕೆಯ ಮೇಲೆ ನನ್ನ ಬೆರಳುಗಳನ್ನು ಇರಿಸಿ ಎಲುಬು ಎಣಿಸಲು ಹೇಳಿದರು. ದಟ್ಟವಾದ ಬಿಳಿ ಕೂದಲಿನ ಅಡಿಯಲ್ಲಿ ಮೆತ್ತಗಿನ ಪದರವೊಂದೇ ಸಿಕ್ಕಿತು, ಎಲುಬು ಸಿಗಲಿಲ್ಲ. ಒಂಬತ್ತು ಅಂಕಗಳ ಮೈಕಟ್ಟಿನ ಅಳತೆಯಲ್ಲಿ ನಾಲ್ಕು ಅಥವಾ ಐದು ಇರಬೇಕಾದ ನಾಯಿ ಏಳರಲ್ಲಿತ್ತು. ಐದರ ಮೇಲಿನ ಪ್ರತಿಯೊಂದು ಅಂಕಕ್ಕೂ ಸುಮಾರು ಶೇಕಡಾ 10ರಷ್ಟು ಹೆಚ್ಚುವರಿ ತೂಕವೆಂದು ಲೆಕ್ಕ. ಹಾಗಾಗಿ 6 ಕಿಲೋದ ಗುರಿ.

ಆದರೆ ತೂಕ ಇಳಿಸುವ ಕೆಲಸವನ್ನು ಶಸ್ತ್ರಚಿಕಿತ್ಸೆಯ ಮರುದಿನವೇ ಶುರು ಮಾಡುವುದಲ್ಲ. ಮೊದಲ ಎರಡು ವಾರ ಗಾಯ ಮಾಯುವುದಕ್ಕೆ ಮತ್ತು ಸ್ನಾಯು ಉಳಿಸಿಕೊಳ್ಳುವುದಕ್ಕೆ ದೇಹಕ್ಕೆ ಪ್ರೋಟೀನು ಬೇಕಾಗುತ್ತದೆ, ಆಗ ಊಟ ಕಡಿತ ಮಾಡಬಾರದು ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಉಪ್ಪು ಹಾಕದೆ ಬೇಯಿಸಿದ ಕೋಳಿಮಾಂಸ, ಮೆತ್ತಗಿನ ಅನ್ನ ಮತ್ತು ಸಿಹಿಕುಂಬಳವನ್ನು ದಿನಕ್ಕೆ ಮೂರು ಹೊತ್ತು ಸ್ವಲ್ಪ ಸ್ವಲ್ಪವಾಗಿ ಕೊಟ್ಟೆವು. ನೋವಿನ ಔಷಧವನ್ನು ಎಂದಿಗೂ ಖಾಲಿ ಹೊಟ್ಟೆಯಲ್ಲಿ ಕೊಡಲಿಲ್ಲ. ಕುತ್ತಿಗೆಗೆ ಕಟ್ಟಿದ ಪ್ಲಾಸ್ಟಿಕ್ ಕೋನಿನ ಅಂಚು ನೆಲಕ್ಕೆ ತಾಗಿ ಅವಳಿಗೆ ತಟ್ಟೆಯವರೆಗೆ ಬಾಯಿ ಹೋಗುತ್ತಿರಲಿಲ್ಲ. ಅವಲಕ್ಕಿಯ ಹಳೆಯ ಡಬ್ಬಿಯನ್ನು ಬೋರಲು ಹಾಕಿ ಅದರ ಮೇಲೆ ತಟ್ಟೆಯಿಟ್ಟ ಮೇಲೆ ತಾನಾಗಿಯೇ ತಿಂದಳು. ಇದೇ ಮನೆಯೂಟವನ್ನು ಮುಂದುವರಿಸಬಹುದೇ ಎಂದು ಕೇಳಿದ್ದೆ. ಬರೀ ಅನ್ನ ಮತ್ತು ಕೋಳಿಯಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ. ಕೆಲವು ದಿನಗಳಿಗೆ ಅಡ್ಡಿಯಿಲ್ಲ, ಆದರೆ ಮೂಳೆ ಕೂಡಿಕೊಳ್ಳಬೇಕಾದ ನಾಯಿಗೆ ತಿಂಗಳುಗಟ್ಟಲೆ ಅದನ್ನೇ ಕೊಡುವುದಾದರೆ ಸರಿಯಾದ ಲೆಕ್ಕದ ಪೂರಕಗಳು ಬೇಕು ಎಂಬ ಉತ್ತರ ಬಂತು. ಆ ಲೆಕ್ಕವನ್ನು ಮನೆಯಲ್ಲಿ ಹಾಕುವಷ್ಟು ತಿಳಿವಳಿಕೆ ನನಗಿಲ್ಲದ ಕಾರಣ ಚೀಲದ ಆಹಾರಕ್ಕೆ ಒಪ್ಪಿದೆ.

ಕೀಲು ಆರೈಕೆಯ ಆಹಾರಕ್ಕೂ ಸಾಮಾನ್ಯ ನಾಯಿ ಆಹಾರಕ್ಕೂ ಇರುವ ಮುಖ್ಯ ವ್ಯತ್ಯಾಸ ಮೀನೆಣ್ಣೆಯಿಂದ ಬರುವ ಒಮೆಗಾ-3 ಕೊಬ್ಬಿನಾಮ್ಲಗಳ ಪ್ರಮಾಣ, ಅದರಲ್ಲೂ ಇಪಿಎ ಎಂಬುದು. ಕೀಲಿನ ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕಗಳು ತಯಾರಾಗುವ ಜಾಗದಲ್ಲಿ ಇಪಿಎ ಸೇರಿಕೊಂಡು ಅವುಗಳ ಉತ್ಪತ್ತಿಯನ್ನು ತಗ್ಗಿಸುತ್ತದೆ. ಪರಿಚಯದವರೊಬ್ಬರು ಅಗಸೆ ಬೀಜದ ಪುಡಿ ಸಾಕು ಎಂದು ಸಲಹೆ ಕೊಟ್ಟಿದ್ದರು. ಆದರೆ ಅಗಸೆಯಲ್ಲಿರುವ ಒಮೆಗಾ-3 ಬೇರೆ ರೂಪದ್ದು, ನಾಯಿಯ ದೇಹ ಅದರಲ್ಲಿ ತೀರಾ ಸ್ವಲ್ಪ ಭಾಗವನ್ನು ಮಾತ್ರ ಇಪಿಎ ಆಗಿ ಬದಲಾಯಿಸಬಲ್ಲದು. ಚೀಲ ಕೊಳ್ಳುವಾಗ ಮುಂಬದಿಯ ಚಿತ್ರಕ್ಕಿಂತ ಹಿಂಬದಿಯ ಲೇಬಲ್ಲಿನಲ್ಲಿ ಇಪಿಎ ಮತ್ತು ಮೀನೆಣ್ಣೆಯ ಇನ್ನೊಂದು ಒಮೆಗಾ-3 ಆದ ಡಿಎಚ್‌ಎ ಎಷ್ಟೆಂದು ಅಂಕಿಯಲ್ಲಿ ಬರೆದಿದೆಯೇ ಎಂದು ನೋಡಿ. ಬರೀ ‘ಕೀಲುಗಳಿಗೆ ಒಳ್ಳೆಯದು’ ಎಂದಿದ್ದರೆ ನಾನು ಕೊಳ್ಳುವುದಿಲ್ಲ.

ಹಳೆಯ ಊಟದಿಂದ ಹೊಸದಕ್ಕೆ ಹತ್ತು ದಿನಗಳಲ್ಲಿ ಬದಲಾಯಿಸಿದೆವು. ಮೊದಲ ಕಂಪನಿಯ ಕಾಳುಗಳು ಪೊಮೇರಿಯನ್ ಬಾಯಿಗೆ ದೊಡ್ಡವು. ಬೆಳ್ಳಿ ಒಂದೊಂದನ್ನೇ ಚಾಪೆಯ ಮೇಲೆ ಒಯ್ದು, ಮುಂಗಾಲಿನಿಂದ ಒತ್ತಿಹಿಡಿದು ಕಡಿಯುತ್ತಿದ್ದಳು. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಸಮಸ್ಯೆಯಿರಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಅದರ ಸರಬರಾಜು ನಿಂತಾಗ ಸಣ್ಣ ಕಾಳಿನ ಇನ್ನೊಂದು ಕಂಪನಿಯದಕ್ಕೆ ಬದಲಾದೆವು, ಈಗಲೂ ಅದನ್ನೇ ಕೊಡುತ್ತಿದ್ದೇವೆ.

ಈಗ ಈ ವಿಮರ್ಶೆಯ ಮುಖ್ಯ ಮಾತಿಗೆ ಬರುತ್ತೇನೆ. ಈ ಹದಿನಾಲ್ಕು ತಿಂಗಳಲ್ಲಿ ಬೆಳ್ಳಿಗೆ ಅತಿ ಹೆಚ್ಚು ಉಪಕಾರ ಮಾಡಿದ ವಸ್ತು ಯಾವುದು ಎಂದು ಯಾರಾದರೂ ಕೇಳಿದರೆ, ದುಬಾರಿ ಆಹಾರದ ಚೀಲಕ್ಕಿಂತ ಮೊದಲು ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಹೆಸರು ಹೇಳುತ್ತೇನೆ. ನಾಯಿಗೆ ವಿಶ್ರಾಂತಿಯ ಸ್ಥಿತಿಯಲ್ಲಿ ಬೇಕಾಗುವ ಶಕ್ತಿಯನ್ನು ಲೆಕ್ಕ ಹಾಕಲು ಒಂದು ಸೂತ್ರವಿದೆ: ಕಿಲೋದಲ್ಲಿರುವ ತೂಕದ 0.75ನೆಯ ಘಾತವನ್ನು 70ರಿಂದ ಗುಣಿಸಬೇಕು. ತೂಕ ಇಳಿಸುವಾಗ ಈಗಿನ ತೂಕವನ್ನಲ್ಲ, ಗುರಿಯ ತೂಕವನ್ನು ಹಿಡಿಯುತ್ತಾರೆ. 6 ಕಿಲೋಗೆ ಅದು ದಿನಕ್ಕೆ ಸುಮಾರು 268 ಕಿಲೋಕ್ಯಾಲೊರಿ. ಒಣ ಆಹಾರದಲ್ಲಿ ಗ್ರಾಮಿಗೆ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ಕಿಲೋಕ್ಯಾಲೊರಿ ಇರುತ್ತದೆ. ನಮ್ಮ ಚೀಲದ ಲೆಕ್ಕಕ್ಕೆ ದಿನಕ್ಕೆ 75 ಗ್ರಾಂ ಬಂತು. ಅದಕ್ಕೆ ಹೋಲಿಸಿದರೆ ಒಂದು ಸಣ್ಣ ಬಿಸ್ಕತ್ತಿನಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಕಿಲೋಕ್ಯಾಲೊರಿ. ಮಾವನವರು ಪ್ರೀತಿಯಿಂದ ಕೊಡುತ್ತಿದ್ದ ನಾಲ್ಕು ಬಿಸ್ಕತ್ತು ಬೆಳ್ಳಿಯ ಇಡೀ ದಿನದ ಊಟದ ಮೂರನೆಯ ಒಂದು ಭಾಗಕ್ಕೆ ಸಮನಾಗಿತ್ತು. ಆಳೆತ್ತರದ ಮನುಷ್ಯನ ಕಣ್ಣಿಗೆ ಚೂರಾಗಿ ಕಾಣುವುದು ಆರು ಕಿಲೋದ ಪ್ರಾಣಿಗೆ ಊಟವೇ ಆಗಿರುತ್ತದೆ ಎಂಬುದು ನನಗೆ ಮನದಟ್ಟಾದದ್ದು ಆ ಲೆಕ್ಕವನ್ನು ಕಾಗದದ ಮೇಲೆ ಬರೆದಾಗ.

ಚೀಲದ ಜೊತೆ ಬರುವ ಅಳತೆಯ ಲೋಟವನ್ನು ನಂಬಬೇಡಿ. ಒಂದೇ ಗೆರೆಯವರೆಗೆ ನಾನು ತುಂಬಿಸಿದಾಗ 36 ಗ್ರಾಂ, ಅತ್ತೆಯವರು ತುಂಬಿಸಿದಾಗ 45 ಗ್ರಾಂ ಬಂತು. ದೊಡ್ಡ ನಾಯಿಗೆ ಒಂಬತ್ತು ಗ್ರಾಂ ಏನೂ ಅಲ್ಲ, ಆದರೆ ಬೆಳ್ಳಿಗೆ ಅದು ದಿನದ ಶೇಕಡಾ 12 ಭಾಗ. ಮನೆಯವರ ಪ್ರೀತಿಗೆ ಅಡ್ಡ ಬರುವುದು ನನಗೂ ಕಷ್ಟವಾಗಿತ್ತು. “ಅದು ಮುಖ ನೋಡುತ್ತಾ ಕೂತರೆ ನನಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲಮ್ಮ” ಎಂದು ಮಾವನವರು ಹೇಳಿದಾಗ ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಕೊನೆಗೆ ಬೆಳಗ್ಗೆಯೇ 75 ಗ್ರಾಂ ತೂಗಿ, ಅದರಿಂದ ಹತ್ತು ಕಾಳುಗಳನ್ನು ಸಣ್ಣ ಕರಡಿಗೆಯಲ್ಲಿ ಹಾಕಿ ಅವರ ಕುರ್ಚಿಯ ಪಕ್ಕ ಇಡಲು ಶುರು ಮಾಡಿದೆ. ಬೆಳ್ಳಿಗೆ ಬೇಕಾಗಿದ್ದದ್ದು ಅವರ ಕೈಯಿಂದ ಏನಾದರೂ ಸಿಗುವುದಷ್ಟೇ. ಬಿಸ್ಕತ್ತೋ ಕಾಳೋ ಎಂದು ಅವಳು ಎಂದೂ ಭೇದ ಮಾಡಲಿಲ್ಲ.

ತೂಕ ಇಳಿದದ್ದು ನಿಧಾನವಾಗಿ. ವಾರಕ್ಕೆ ದೇಹತೂಕದ ಶೇಕಡಾ 1ರಿಂದ 2ಕ್ಕಿಂತ ವೇಗವಾಗಿ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುವ ಅಪಾಯವಿದೆ. ಮೂರನೆಯ ತಿಂಗಳ ಕೊನೆಗೆ 6.6 ಕಿಲೋ, ಆರನೆಯ ತಿಂಗಳಿಗೆ 6.1, ಆ ಮೇಲೆ 6ರ ಆಸುಪಾಸಿನಲ್ಲಿ ನಿಂತಿದೆ. ಪ್ರತಿ ಭಾನುವಾರ ಹೊಲಿಗೆ ಟೇಪಿನಿಂದ ಎರಡೂ ತೊಡೆಗಳ ಸುತ್ತಳತೆ ತೆಗೆದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಆರಂಭದಲ್ಲಿ ಎಡತೊಡೆ ಬಲತೊಡೆಗಿಂತ ಎರಡು ಸೆಂಟಿಮೀಟರು ಸಣ್ಣದಿತ್ತು, ಏಳನೆಯ ತಿಂಗಳಿಗೆ ಆ ಅಂತರ ಅರ್ಧ ಸೆಂಟಿಮೀಟರಿಗೆ ಬಂತು. ಇದಕ್ಕೆ ಆಹಾರವೊಂದೇ ಕಾರಣವೆನ್ನಲಾರೆ; ಎಂಟು ವಾರಗಳ ಕಟ್ಟುನಿಟ್ಟಿನ ವಿಶ್ರಾಂತಿ ಮತ್ತು ಅದರ ಬಳಿಕ ಹಗ್ಗ ಹಿಡಿದು ನಿಧಾನವಾಗಿ ನಡೆಸಿದ ನಡಿಗೆಯ ಪಾಲೂ ದೊಡ್ಡದು. ಮೊದಲೆಲ್ಲ ಹಜಾರದಲ್ಲಿ ಅವಳು ಓಡಾಡುವಾಗ ಉಗುರಿನ ಸದ್ದು ಮೂರು ಬಡಿತಕ್ಕೊಮ್ಮೆ ತಪ್ಪುತ್ತಿತ್ತು. ಫೆಬ್ರವರಿಯ ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ನಿಂತಿದ್ದ ನನಗೆ ನಾಲ್ಕೂ ಕಾಲಿನ ಸದ್ದು ಸಮನಾಗಿ ಕೇಳಿಸಿತು, ನಾನು ಒಲೆ ಆರಿಸಿ ಹೊರಗೆ ಬಂದು ನೋಡಿದೆ.

ತೂಕದ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟದ್ದು ಸಾಕುಪ್ರಾಣಿಗಳ ಆಹಾರ ತಯಾರಿಸುವ ಪ್ಯೂರಿನಾ ಸಂಸ್ಥೆಯ ದೀರ್ಘ ಅಧ್ಯಯನ. ಅದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರವನ್ನು ಜೀವಮಾನವಿಡೀ ಕೊಟ್ಟರು. ಕಡಿಮೆ ತಿಂದವುಗಳಲ್ಲಿ ಕೀಲುಗಳ ಸವೆತ ತಡವಾಗಿ ಕಾಣಿಸಿಕೊಂಡಿತು, ಅವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ತಳಿ ಬೇರೆ, ಕೀಲು ಬೇರೆ ಎಂಬುದು ನಿಜ. ಆದರೂ ತೆಳುವಾದ ದೇಹ ಕೀಲಿಗೆ ಹಗುರ ಎಂಬ ಮಾತು ಸಣ್ಣ ನಾಯಿಗೂ ಸಲ್ಲುತ್ತದೆ.

ನಾನು ಮಾಡಿದ ಎರಡು ತಪ್ಪುಗಳನ್ನು ಹೇಳುವುದು ಅಗತ್ಯ. ಮೊದಲನೆಯದು, ಬೇಗ ಗುಣವಾಗಲಿ ಎಂಬ ಆಸೆಯಿಂದ ಯಾರನ್ನೂ ಕೇಳದೆ ಎರಡನೆಯ ತಿಂಗಳಲ್ಲಿ ಮನುಷ್ಯರ ಮೀನೆಣ್ಣೆಯ ಕ್ಯಾಪ್ಸೂಲುಗಳನ್ನೂ ಕೊಡತೊಡಗಿದೆ. ನಾಲ್ಕನೆಯ ದಿನಕ್ಕೆ ಬೇಧಿ ಶುರುವಾಯಿತು. ಕೀಲು ಆರೈಕೆಯ ಆಹಾರದಲ್ಲಿ ಬೇಕಾದಷ್ಟು ಮೀನೆಣ್ಣೆ ಆಗಲೇ ಸೇರಿರುತ್ತದೆ. ಅದು ಅತಿಯಾದರೆ ಹೊಟ್ಟೆ ಕೆಡುತ್ತದೆ, ರಕ್ತ ಹೆಪ್ಪುಗಟ್ಟುವ ಕ್ರಿಯೆಗೂ ತೊಂದರೆಯಾಗಬಹುದು. ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನಂತೂ ಇದರ ಬದಲಿಗೆ ಬಳಸಲೇಬಾರದು, ಅದರಲ್ಲಿ ಎ ಮತ್ತು ಡಿ ಜೀವಸತ್ವಗಳು ಮಿತಿಮೀರುತ್ತವೆ. ಮೇದೋಜೀರಕ ಗ್ರಂಥಿಯ ಉರಿಯೂತ ಹಿಂದೆ ಬಂದಿದ್ದ ನಾಯಿಗೆ ಕೊಬ್ಬಿನ ಇಂತಹ ಆಹಾರವನ್ನು ವೈದ್ಯರನ್ನು ಕೇಳದೆ ಶುರು ಮಾಡುವುದೂ ಸರಿಯಲ್ಲ.

ಎರಡನೆಯದು, ಮೇ ತಿಂಗಳಲ್ಲಿ ಹಣ ಉಳಿಯುತ್ತದೆಂದು 7 ಕಿಲೋದ ಚೀಲ ತಂದದ್ದು. ನಮ್ಮ ಲೆಕ್ಕದಲ್ಲಿ ಅದು ಮೂರು ತಿಂಗಳ ಆಹಾರ. ಕರಾವಳಿಯ ಮಳೆಗಾಲದ ತೇವದಲ್ಲಿ ಜುಲೈ ಹೊತ್ತಿಗೆ ಚೀಲ ತೆರೆದರೆ ಹಳೆಯ ಎಣ್ಣೆಯ ಕಮಟು ವಾಸನೆ ಬರುತ್ತಿತ್ತು, ಬೆಳ್ಳಿ ಮೂಸಿ ತಿರುಗಿ ಹೋದಳು. ಒಮೆಗಾ-3 ಗಾಳಿ ಮತ್ತು ಶಾಖಕ್ಕೆ ಬೇಗ ಕೆಡುವ ಕೊಬ್ಬು; ಕೆಟ್ಟ ಮೇಲೆ ಅದರಿಂದ ಪ್ರಯೋಜನವಿಲ್ಲ. ಈಗ 2 ಕಿಲೋದ ಚೀಲವನ್ನೇ ತರುತ್ತೇನೆ, ಅದು ಒಂದು ತಿಂಗಳೊಳಗೆ ಮುಗಿಯುತ್ತದೆ. ಆಹಾರವನ್ನು ಡಬ್ಬಿಗೆ ಸುರಿಯದೆ, ಚೀಲದ ಗಾಳಿ ಒತ್ತಿ ತೆಗೆದು ಬಾಯಿ ಕಟ್ಟಿ, ಚೀಲಸಮೇತ ಸ್ಟೀಲಿನ ಡಬ್ಬಿಯಲ್ಲಿ ಇಡುತ್ತೇನೆ.

ಕೀಲುಗಳಿಗೆಂದು ಮಾರುವ ಗ್ಲುಕೋಸಮೈನ್ ಎಂಬ ಪೂರಕದ ಮಾತ್ರೆಗಳನ್ನು ಮೂರು ತಿಂಗಳು ಕೊಟ್ಟು ನಿಲ್ಲಿಸಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಪ್ರಕಟವಾದ, ಸಂಧಿವಾತದ ನಾಯಿ ಬೆಕ್ಕುಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು ಒಮೆಗಾ-3 ಪರವಾಗಿ ಗಟ್ಟಿಯಾದ ಆಧಾರಗಳಿವೆ, ಗ್ಲುಕೋಸಮೈನ್ ಮತ್ತು ಅಂಥದೇ ಇನ್ನೊಂದು ಪೂರಕವಾದ ಕಾಂಡ್ರಾಯ್ಟಿನ್ ಜೋಡಿಯ ಪರವಾಗಿ ಇಲ್ಲ ಎಂದೇ ಹೇಳಿತು.

ಖರ್ಚಿನ ವಿಷಯಕ್ಕೆ ಬಂದರೆ, ನಮಗೆ ತಿಂಗಳಿಗೆ ಸುಮಾರು 2,500 ರೂಪಾಯಿ ಬೀಳುತ್ತದೆ. ಹಿಂದಿನ ಮನೆಯೂಟಕ್ಕೆ ಹೋಲಿಸಿದರೆ ಇದು ಭಾರವೇ. ದೊಡ್ಡ ನಾಯಿ ಇರುವವರಿಗೆ ಈ ಆಹಾರವನ್ನು ಇಷ್ಟು ಸಲೀಸಾಗಿ ಶಿಫಾರಸು ಮಾಡುತ್ತಿರಲಿಲ್ಲ. ಹಣದ ಅಡಚಣೆ ಇದ್ದವರು ಒಳ್ಳೆಯ ಸಾಮಾನ್ಯ ಆಹಾರವನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಕೊಟ್ಟು, ಮೀನೆಣ್ಣೆಯ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಎರಡನೆಯ ಒಳ್ಳೆಯ ದಾರಿ. ನಮ್ಮ ಕಡೆಯವರಿಗೆ ಬೂತಾಯಿ ಮೀನೂ ಇದೆ. ವಾರಕ್ಕೊಮ್ಮೆ ಒಂದು ಸಣ್ಣ ಬೂತಾಯಿಯನ್ನು ಉಪ್ಪು, ಮಸಾಲೆ ಹಾಕದೆ ಕುಕ್ಕರಿನಲ್ಲಿ ಮುಳ್ಳು ಹಿಟ್ಟಾಗುವಷ್ಟು ಬೇಯಿಸಿ ಕೊಡುತ್ತೇನೆ, ಅಂದು ಕಾಳನ್ನು ಅಷ್ಟು ಕಡಿಮೆ ಮಾಡುತ್ತೇನೆ. ಹಸಿ ಬೂತಾಯಿಯಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿರುವುದರಿಂದ ಬೇಯಿಸುವುದು ಕಡ್ಡಾಯ. ಜೂನ್ ಮತ್ತು ಜುಲೈ ತಿಂಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧದ ಕಾಲದಲ್ಲಿ ತಾಜಾ ಮೀನು ಸಿಗುವುದು ಕಷ್ಟ, ಆಗ ಬಿಟ್ಟುಬಿಡುತ್ತೇವೆ.

ಬೆಳ್ಳಿಯ ಬಲ ಮಂಡಿಯಲ್ಲಿಯೂ ಮೊದಲ ಹಂತದ ಜಾರುವಿಕೆ ಇದೆ ಎಂದು ಕಳೆದ ತಪಾಸಣೆಯಲ್ಲಿ ತಿಳಿಯಿತು. ಸದ್ಯಕ್ಕೆ ಅದಕ್ಕೆ ಶಸ್ತ್ರಚಿಕಿತ್ಸೆ ಬೇಡ, ತೂಕ ಏರದಂತೆ ನೋಡಿಕೊಂಡರೆ ಸಾಕು ಎಂದಿದ್ದಾರೆ. ಓಡಾಟ ಹೆಚ್ಚಾಗಿರುವುದರಿಂದ ದಿನದ ಆಹಾರವನ್ನು 82 ಗ್ರಾಮಿಗೆ ಏರಿಸಿದ್ದೇವೆ: ಬೆಳಗ್ಗೆ 36, ರಾತ್ರಿ 36, ಉಳಿದ ಹತ್ತು ಗ್ರಾಂ ಮಾವನವರ ಕರಡಿಗೆಗೆ.