ಲಾರಿಗೆ ಜಿಪಿಎಸ್ ಸಾಕಾ, ಕಾಗದದ ಮ್ಯಾಪ್ ಬೇಕಾ? ನನ್ನ ಓಟು ಕಾಗದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕಾಗದದ ಕಡೆ. ಹನ್ನೆರಡು ಸಾವಿರ ಕೊಟ್ಟು ಲಾರಿಗೆ ಹಾಕಿಸಿದ 9 ಇಂಚಿನ ಆಂಡ್ರಾಯ್ಡ್ ಸ್ಕ್ರೀನ್‌ನಲ್ಲಿ ಈಗ ತಾಳಮದ್ದಳೆ ಕೇಳುತ್ತೇನೆ. ದಾರಿ ನೋಡುವುದು ಮುನ್ನೂರು ಚಿಲ್ಲರೆಗೆ ತಂದ ರೋಡ್ ಮ್ಯಾಪ್ ಪುಸ್ತಕದಲ್ಲಿ. ನಗುವವರು ನಗಲಿ. ನಮ್ಮ ಕಡೆಯಿಂದ ಘಟ್ಟ ಹತ್ತಿ ಟ್ರಿಪ್ ಹೊಡೆಯುವ ಹುಡುಗರು ಕೇಳುತ್ತಲೇ ಇರುತ್ತಾರೆ, ಜೇಬಿನಲ್ಲಿ ಫೋನ್ ಇರುವಾಗ ಆ ಪುಸ್ತಕ ಯಾಕೆ ಅಂತ. ಅವರಿಗಾಗಿ ಇದು.

ನನ್ನದು ಆರು ಚಕ್ರದ ಗಾಡಿ. ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹೋಗುವಾಗ ಅಡಿಕೆ, ತೆಂಗಿನಕಾಯಿ, ಪ್ಲೈವುಡ್, ಏನು ಸಿಕ್ಕಿದರೆ ಅದು. ಬರುವಾಗ ಮೈಸೂರು, ಹಾಸನ ಕಡೆಯಿಂದ ಬೈಹುಲ್ಲು, ಹಿಂಡಿ, ತರಕಾರಿ. ದಾರಿ ಹೆಚ್ಚಾಗಿ ಎರಡೇ. ಮುಳ್ಳೇರಿಯ, ಜಾಲ್ಸೂರು, ಸುಳ್ಯ ಆಗಿ ಸಂಪಾಜೆ ಘಾಟಿ. ಇಲ್ಲದಿದ್ದರೆ ಮಂಗಳೂರು, ಬಿ.ಸಿ.ರೋಡು, ಶಿರಾಡಿ. ಈ ಎರಡು ದಾರಿಗೆ ಫೋನೂ ಬೇಡ, ಪುಸ್ತಕವೂ ಬೇಡ, ಕಣ್ಣು ಮುಚ್ಚಿ ಹೇಳಬಹುದು. ತೊಂದರೆ ಇರುವುದು ಹೈವೇ ಬಿಟ್ಟು ಒಳಗೆ ಹೋಗುವಾಗ.

ಸ್ಕ್ರೀನ್ ಹಾಕಿಸುವಾಗಲೇ ಒಂದು ಸೂಚನೆ ಸಿಕ್ಕಿತ್ತು ನೋಡಿ. ಲಾರಿಯ ಬ್ಯಾಟರಿ 24 ವೋಲ್ಟ್. ಸ್ಕ್ರೀನ್ ಕಾರಿಗೆ ಮಾಡಿದ್ದು, ಅದಕ್ಕೆ 12 ವೋಲ್ಟ್. ನಡುವೆ ಕನ್ವರ್ಟರ್ ಬೇಕು, ಅದರ ದುಡ್ಡು ಬೇರೆ. ಅಂಗಡಿಯವನು ಇದನ್ನು ಹೇಳಿದ್ದು ಡ್ಯಾಶ್‌ಬೋರ್ಡ್ ಬಿಚ್ಚಿದ ಮೇಲೆ. ಆ ಸ್ಕ್ರೀನಿನೊಳಗಿನ ಮ್ಯಾಪ್ ಕೂಡ ಕಾರಿಗೇ ಮಾಡಿದ್ದು. ಅದಕ್ಕೆ ಯಾವ ಕನ್ವರ್ಟರೂ ಸಿಗುವುದಿಲ್ಲ.

ಉಪಗ್ರಹವನ್ನು ನಾನು ಬೈಯುವುದಿಲ್ಲ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲೆ ತಿರುಗುತ್ತಿವೆ. ನಾಲ್ಕರ ಸಿಗ್ನಲ್ ಸಿಕ್ಕಿದರೆ ನಾವು ಎಲ್ಲಿದ್ದೇವೆ ಅಂತ ಫೋನ್ ಲೆಕ್ಕ ಹಾಕುತ್ತದೆ. 2000ದ ಮೇ ತಿಂಗಳವರೆಗೆ ಸಾಮಾನ್ಯ ಜನರಿಗೆ ಬೇಕೆಂದೇ ಕೆಡಿಸಿದ ಸಿಗ್ನಲ್ ಬಿಡುತ್ತಿದ್ದರು, ನೂರು ಮೀಟರಿನಷ್ಟು ಆಚೀಚೆ ಆಗುತ್ತಿತ್ತು. ಈಗ ಆ ಕಾಟ ಇಲ್ಲ. ಆದರೆ ಉಪಗ್ರಹ ಹೇಳುವುದು ಇಷ್ಟೇ, ಲಾರಿ ಇಲ್ಲಿದೆ ಅಂತ. ಎಲ್ಲಿ ತಿರುಗಬೇಕು ಅಂತ ಹೇಳುವುದು ಆ್ಯಪ್. ನಾನು ಬಳಸಿದ ಆ್ಯಪಿನಲ್ಲಿ ಕಾರಿಗೆ, ಬೈಕಿಗೆ, ನಡೆದು ಹೋಗುವವರಿಗೆ ಬೇರೆ ಬೇರೆ ದಾರಿ ಇದೆ. ಲಾರಿಗೆ ಇಲ್ಲ. ವಿದೇಶದಲ್ಲಿ ಲಾರಿಗೆಂದೇ ಬೇರೆ ಜಿಪಿಎಸ್ ಮಾರುತ್ತಾರೆ. ಗಾಡಿಯ ಎತ್ತರ, ಅಗಲ, ತೂಕ ಹಾಕಿದರೆ ಅದಕ್ಕೆ ತಕ್ಕ ದಾರಿ ಕೊಡುತ್ತದೆ. ನಮ್ಮ ಊರ ಡ್ರೈವರುಗಳ ಕೈಯಲ್ಲಿ ಅಂಥದ್ದನ್ನು ನಾನು ನೋಡಿಲ್ಲ.

ಈಗ ಅಸಲು ಕಿರಿಕಿರಿಗೆ ಬರೋಣ. ರೈಲು ಹಳಿ.

ನಮ್ಮ ಜಿಲ್ಲೆಯಲ್ಲಿ ಹೈವೇ ಮತ್ತು ರೈಲು ಹಳಿ ಹೆಚ್ಚುಕಡಿಮೆ ಅಕ್ಕಪಕ್ಕವೇ ಓಡುತ್ತವೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಕೆಳಗೆ ಕಾಞಂಗಾಡು, ಎಲ್ಲಾ ಕಡೆ ಹಳಿಯ ಪಡುಬದಿಯಲ್ಲಿ ಕಡಲಿನ ತನಕ ಮನೆ, ತೋಟ, ಅಂಗಡಿ. ಅಲ್ಲಿಗೆ ಲೋಡ್ ಇದ್ದರೆ ಹಳಿ ದಾಟಲೇಬೇಕು. ದಾಟುವುದು ಮೂರು ಬಗೆ. ಮೇಲ್ಸೇತುವೆ, ಗೇಟ್, ಹಳಿಯ ಅಡಿಯ ಅಂಡರ್‌ಪಾಸ್. ಕಾರಿನವರಿಗೆ ಮೂರೂ ಒಂದೇ. ಬೈಹುಲ್ಲಿನ ಲಾರಿಗೆ ಒಂದೇ ಅಲ್ಲ.

ಬೈಹುಲ್ಲಿನ ಲೋಡ್ ಕಟ್ಟಿದವರಿಗೆ ಗೊತ್ತು, ತೂಕ ಇಲ್ಲ, ಎತ್ತರ ಮಾತ್ರ. ಪಾರ್ಟಿಯವರು, ಅಂದರೆ ಲೋಡ್ ತರಿಸಿದವರು, ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಿದ್ದರು. ಕುಂಬಳೆ ಮತ್ತು ಉಪ್ಪಳದ ನಡುವೆ ಒಂದು ಕಡೆ, ಹಳಿಯ ಆಚೆ. ಹೊಸ ಸ್ಕ್ರೀನ್, ಹೊಸ ಉಮೇದು. ಸರ್ವಿಸ್ ರೋಡಿನಿಂದ ಎಡಕ್ಕೆ ಅಂದಿತು. ತಿರುಗಿದೆ. ಎರಡೂ ಬದಿ ಕಾಂಪೌಂಡ್ ಗೋಡೆ, ಎದುರು ಒಂದು ಆಟೋ ಬಂದರೂ ಯಾರಾದರೊಬ್ಬರು ಹಿಂದೆ ಹೋಗಬೇಕು. ಇನ್ನು ಎಂಟುನೂರು ಮೀಟರ್ ಅಂತ ಸ್ಕ್ರೀನಿನೊಳಗಿನ ಹುಡುಗಿ ಹೇಳುತ್ತಿದ್ದಾಳೆ, ಅಷ್ಟರಲ್ಲಿ ಎದುರಿಗೆ ರಸ್ತೆಗೆ ಅಡ್ಡವಾಗಿ ಹಳದಿ ಕಪ್ಪು ಬಣ್ಣ ಬಳಿದ ಕಬ್ಬಿಣದ ಪಟ್ಟಿ. ಅದರ ಹಿಂದೆ ಅಂಡರ್‌ಪಾಸ್. ನನ್ನ ಹುಲ್ಲು ಆ ಪಟ್ಟಿಗಿಂತ ಕಡಿಮೆಯೆಂದರೂ ಮೂರು ಅಡಿ ಮೇಲೆ.

ಹಿಂದೆ ಮೀನಿನ ಗಾಡಿ, ಅದರ ಹಿಂದೆ ಎರಡು ಆಟೋ. ಕ್ಲೀನರ್ ಹುಡುಗ ಇಳಿದು ಅವರನ್ನೆಲ್ಲ ಹಿಂದೆ ಕಳಿಸಿ, ಆಮೇಲೆ ನನಗೆ ಸೈಡ್ ಹೇಳಿ, ಅಲ್ಲಿನ ಅಂಗಡಿಯವರು, ನಮಾಜು ಮುಗಿಸಿ ಬಂದವರು, ಶಾಲೆ ಮಕ್ಕಳು ಎಲ್ಲರೂ ತಲೆಗೊಂದು ಸಲಹೆ ಕೊಟ್ಟು, ಹೈವೇ ತನಕ ರಿವರ್ಸ್ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಬರುವ ದಾರಿಯಲ್ಲಿ ಹುಲ್ಲಿಗೆ ಸಿಕ್ಕಿ ಒಂದು ಕೇಬಲ್ ಟಿವಿ ವಯರ್ ತುಂಡಾಯಿತು. ಅದರ ದುಡ್ಡು ಬಾಡಿಗೆಯಿಂದ ಹೋಯಿತು. ಸ್ಕ್ರೀನ್ ಮಾತ್ರ ಯೂ-ಟರ್ನ್ ಮಾಡಿ, ಯೂ-ಟರ್ನ್ ಮಾಡಿ ಅನ್ನುತ್ತಲೇ ಇತ್ತು. ಎಲ್ಲಿಗೆ? ಅದೇ ಅಂಡರ್‌ಪಾಸಿಗೆ.

"ಲೋಡ್ ಗಾಡಿ ಇಲ್ಲಿ ಹೋಗುದಿಲ್ಲ ಅಣ್ಣ, ಗೇಟಿಗೆ ಹೋಗಿ" ಅಂತ ಚಾ ಅಂಗಡಿಯವರು ಹೇಳಿದರು. ಆ ಗೇಟ್ ನಾನು ದಾಟಿ ಬಂದ ಬದಿಯಲ್ಲೇ ಇತ್ತು. ಮೊದಲಾದರೆ ಹೈವೇಯಲ್ಲೇ ತಿರುಗಿ ಬರಬಹುದಿತ್ತು. ಈಗ ಆರು ಲೇನ್, ನಡುವೆ ಗೋಡೆ. ಹೈವೇಯ ಅಡಿಯ ಮುಂದಿನ ಅಂಡರ್‌ಪಾಸಿನ ತನಕ ಹೋಗಿ ತಿರುಗಿ, ವಾಪಸ್ ಬಂದು, ಇನ್ನೊಂದರಲ್ಲಿ ಮತ್ತೆ ತಿರುಗಿ ಬರಬೇಕು. ಅದರಲ್ಲೂ ಕೆಲವು ಅಂಡರ್‌ಪಾಸ್ ಸಣ್ಣ ಗಾಡಿಗಳಿಗೆ ಮಾತ್ರ. ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುವ ಗಾಡಿಯಲ್ಲಿ ಈ ಸುತ್ತಾಟದ ಲೆಕ್ಕ ನೀವೇ ಹಾಕಿ.

ಆಮೇಲೆ ಅದೇ ಜಾಗವನ್ನು ಕಾಗದದಲ್ಲಿ ನೋಡಿದೆ. ಅಂಡರ್‌ಪಾಸಿನ ಎತ್ತರ ಅದರಲ್ಲೂ ಬರೆದಿಲ್ಲ, ಸುಳ್ಳು ಹೇಳಬಾರದು. ಆದರೆ ರೈಲು ಹಳಿ ಕಪ್ಪು ಗೆರೆಯಾಗಿ ಕಣ್ಣಿಗೆ ಹೊಡೆಯುತ್ತದೆ. ಹೋಗಬೇಕಾದ ಜಾಗ ಗೆರೆಯ ಆಚೆ ಇದೆ ಅಂತ ಕಂಡ ಕೂಡಲೇ ತಲೆಗೆ ಬರುವುದು ಒಂದೇ ಪ್ರಶ್ನೆ, ಹಳಿ ದಾಟುವುದು ಎಲ್ಲಿ? ಪಾರ್ಟಿಗೆ ಫೋನ್ ಮಾಡಿ ಕೇಳಬಹುದು, ಲೋಡ್ ಹಾಕುವ ಮೊದಲೇ. ಎತ್ತರ ನೋಡಿ ಹುಲ್ಲು ಕಡಿಮೆ ಕಟ್ಟಬಹುದು. ಸ್ಕ್ರೀನಿನಲ್ಲಿ ಹಳಿ ಅಂದರೆ ತೆಳ್ಳಗಿನ ಬೂದು ಗೆರೆ, ಅದರ ಮೇಲೆ ದಪ್ಪ ನೀಲಿ ದಾರಿ ಎಳೆದಿರುತ್ತದೆ. ಪ್ರಶ್ನೆ ಹುಟ್ಟುವುದೇ ಇಲ್ಲ.

ಕಾರು ಎಲ್ಲಿ ಬೇಕಾದರೂ ತಿರುಗುತ್ತದೆ, ದಾರಿ ತಪ್ಪಿದರೆ ಐದು ನಿಮಿಷ ಹೋಯಿತು ಅಷ್ಟೆ. ಲಾರಿಯ ನಿರ್ಧಾರ ಹೈವೇ ಬಿಡುವ ಮೊದಲೇ ಆಗಬೇಕು. ಮುಂದಿನ ತಿರುವು ಮಾತ್ರ ಹೇಳುವ ವಸ್ತುವನ್ನು ನಂಬಿ ಒಳರಸ್ತೆಗೆ ಇಳಿಯಲು ನಾನಂತೂ ತಯಾರಿಲ್ಲ.

ಕಾಗದ ಇಷ್ಟವಾಗಲು ಇನ್ನೊಂದು ಕಾರಣ ಪೆನ್ನು. ನನ್ನ ಪುಸ್ತಕದಲ್ಲಿ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯ ಪಕ್ಕ "ರಾತ್ರಿ 9ರಿಂದ ಬೆಳಿಗ್ಗೆ 6 ಬಂದ್" ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ, ಬಂಡೀಪುರ ಕಾಡಿನ ಗೇಟು ಅದು. ನಾಗರಹೊಳೆ ಬದಿಯ ಮಾನಂತವಾಡಿ ದಾರಿಗೆ "ಸಂಜೆ 6ಕ್ಕೇ ಬಂದ್". ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು, ಅಲ್ಲೂ ಲೋಡ್ ಗಾಡಿಗೆ ಸಂಜೆ ಆರರ ನಂತರ ಬಿಡುವುದಿಲ್ಲ. ಆಗುಂಬೆ, ಚಾರ್ಮಾಡಿಯ ಮೇಲೆ ಅಡ್ಡ ಗೀಟು ಹಾಕಿದ್ದೇನೆ, ದೊಡ್ಡ ಗಾಡಿ ಇಲ್ಲ ಅಂತ. ಗೇಟ್ ಹಾಕಿದ ಮೇಲೆ ಮುಟ್ಟಿದರೆ ರಾತ್ರಿಯಿಡೀ ಅಲ್ಲೇ ಮಲಗಬೇಕು, ತರಕಾರಿ ಲೋಡ್ ಆದರೆ ಕಥೆ ಮುಗಿಯಿತು. ಒಳ್ಳೆ ಊಟ ಸಿಗುವ ಜಾಗ, ಗಾಡಿ ನಿಲ್ಲಿಸಿ ಮಲಗಲು ಭಯ ಇಲ್ಲದ ಬಂಕ್, ಕಳ್ಳರು ಟಾರ್ಪಾಲು ಕುಯ್ಯುವ ಜಾಗ, ಎಲ್ಲದಕ್ಕೂ ಗುರುತು ಇದೆ. ಫೋನಿನಲ್ಲೂ ಗುರುತು ಹಾಕಿಡಬಹುದು ಅಂತ ಕ್ಲೀನರ್ ಹುಡುಗ ಹೇಳುತ್ತಾನೆ. ಹಾಕಬಹುದು. ಅವನ ಫೋನ್ ಒಡೆದ ದಿನ ಅವನ ಗುರುತುಗಳೂ ಹೋದವು.

ಏರು ಇಳಿಜಾರಿನ ವಿಷಯವೂ ಇದೆ. ಫೋನಿಗೆ ಕಿಲೋಮೀಟರ್ ಕಡಿಮೆಯಾದರೆ ಖುಷಿ. ಕಾಞಂಗಾಡಿನಿಂದ ಮಡಿಕೇರಿಗೆ ಕೇಳಿ ನೋಡಿ, ಪಾಣತ್ತೂರು, ಕರಿಕೆ, ಭಾಗಮಂಡಲ ಅನ್ನುತ್ತದೆ. ಹತ್ತಿರ ಹೌದು. ಆದರೆ ಕಾಡಿನ ನಡುವೆ ಸಪೂರ ರಸ್ತೆ, ತಿರುವಿನ ಮೇಲೆ ತಿರುವು. ಲೋಡ್ ಗಾಡಿಯಲ್ಲಿ ಎದುರು ಬಸ್ಸು ಸಿಕ್ಕಿದರೆ ದೇವರೇ ಗತಿ. ನಾನು ಸುಳ್ಯ ಸುತ್ತಿಕೊಂಡೇ ಹೋಗುತ್ತೇನೆ. ಎತ್ತರ ತಿಳಿಯಬೇಕಾದರೆ ಸರ್ವೆ ಆಫ್ ಇಂಡಿಯಾದ 1:50,000 ಮ್ಯಾಪ್ ಚೆನ್ನಾಗಿದೆ. ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಅದರಲ್ಲಿ ಪ್ರತಿ 20 ಮೀಟರ್ ಎತ್ತರಕ್ಕೆ ಒಂದೊಂದು ಕಂದು ಗೆರೆ. ಗೆರೆಗಳು ಒತ್ತೊತ್ತಾಗಿದ್ದು ರಸ್ತೆ ಅವನ್ನು ಅಡ್ಡ ಕತ್ತರಿಸುತ್ತಾ ಹೋದರೆ ಸೆಕೆಂಡ್ ಗೇರಿನ ಏರು ಅಂತ ಲೆಕ್ಕ. 2017ರಿಂದ ಇದು ನೆಟ್ಟಿನಲ್ಲೇ ಸಿಗುತ್ತದೆ, ಪ್ರಿಂಟ್ ಹಾಕಿಸಿಕೊಂಡರಾಯಿತು.

ಕಾಗದಕ್ಕೂ ಕಾಟ ಇಲ್ಲ ಅಂತಲ್ಲ. ಆರು ಲೇನಿನ ಹೊಸ ಅಂಡರ್‌ಪಾಸ್, ಸರ್ವಿಸ್ ರೋಡ್ ಯಾವುದೂ ಅದರಲ್ಲಿಲ್ಲ. ಮಳೆಗಾಲದಲ್ಲಿ ಹಾಳೆ ಮೆತ್ತಗಾಗುತ್ತದೆ. ರಾತ್ರಿ ನೋಡಲು ಗಾಡಿ ನಿಲ್ಲಿಸಬೇಕು, ಲೈಟ್ ಹಾಕಬೇಕು, ನನಗೀಗ ಕನ್ನಡಕವೂ ಬೇಕು. ನಿಲ್ಲಿಸಿ ನೋಡುವುದು ಒಳ್ಳೆಯದೇ ಅನ್ನಿ. ಓಡಿಸುತ್ತಾ ಫೋನ್ ಹಿಡಿದರೆ ದಂಡ. 2020ರ ಅಕ್ಟೋಬರಿನಿಂದ ದಾರಿ ನೋಡಲು ಮಾತ್ರ, ಗಮನ ಕೆಡದಂತೆ ಬಳಸಬಹುದು ಅಂತ ನಿಯಮ ಬಂದಿದೆ.

ಫೋನ್ ಗೆಲ್ಲುವುದು ಎರಡು ಕಡೆ. ಒಂದು, ಕೊನೆಯ ಅರ್ಧ ಕಿಲೋಮೀಟರ್. ಬೆಂಗಳೂರಿನಲ್ಲಿ ಗೋಡೌನ್ ಹುಡುಕಲು ಪುಸ್ತಕ ತೆಗೆದರೆ ಅದಕ್ಕಿಂತ ದೊಡ್ಡ ಹುಚ್ಚು ಇಲ್ಲ. ಇನ್ನೊಂದು, ದಾರಿ ಬ್ಲಾಕ್ ಆದಾಗ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಸಂಪಾಜೆ ದಾರಿಯೂ ಶಿರಾಡಿಯೂ ಬಂದ್ ಆದದ್ದು ನೆನಪಿದೆಯಲ್ಲ, ಅಂಥ ಹೊತ್ತಿಗೆ ಅಚ್ಚಾದ ಕಾಗದ ಏನು ಹೇಳುತ್ತದೆ? ಆದರೂ ಆಗ ನಾನು ನಂಬುವುದು ಆ್ಯಪಿನ ಕೆಂಪು ಗೆರೆಯನ್ನಲ್ಲ, ಡ್ರೈವರುಗಳ ವಾಟ್ಸಾಪ್ ಗ್ರೂಪನ್ನು. ಅಲ್ಲಿ ಸುದ್ದಿ ಬೇಗ ಬರುತ್ತದೆ, ಬೈಗುಳದ ಸಮೇತ.

ನೆಟ್‌ವರ್ಕ್ ಇಲ್ಲದಿದ್ದರೆ? ಉಪಗ್ರಹಕ್ಕೆ ನೆಟ್ ಬೇಡ, ಚುಕ್ಕಿ ಓಡುತ್ತಲೇ ಇರುತ್ತದೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಡದಿದ್ದರೆ ಚುಕ್ಕಿಯ ಸುತ್ತ ಬರೀ ಖಾಲಿ. ಘಾಟಿ ಹತ್ತುವ ಮೊದಲು ಮನೆಯಲ್ಲೇ ಡೌನ್‌ಲೋಡ್ ಮಾಡಿ. ಸಮಯದ ಲೆಕ್ಕವನ್ನಂತೂ ನಂಬಬೇಡಿ, ಅದು ಕಾರಿನ ಸಮಯ. ಪಾರ್ಟಿಯವರು ಅದನ್ನೇ ನೋಡಿ "ಎಲ್ಲಿದ್ದೀರಿ, ಇಷ್ಟು ಹೊತ್ತಿಗೆ ಬರಬೇಕಿತ್ತಲ್ಲ" ಅಂತ ಶುರು ಮಾಡುತ್ತಾರೆ.

ನನ್ನ ಓಡಾಟ ನಾಲ್ಕೈದು ಜಿಲ್ಲೆಯೊಳಗೆ. ಹೊಸ ಪಾರ್ಟಿ ಸಿಕ್ಕಿದರೆ ಹಿಂದಿನ ರಾತ್ರಿ ಊಟ ಆದ ಮೇಲೆ ಪುಸ್ತಕ ಬಿಡಿಸಿ ಕೂರುವ ಅಭ್ಯಾಸ ಇದೆ, ಅದಕ್ಕೆ ಸಮಯವೂ ಇದೆ. ಗಾಡಿ ನನ್ನದೇ, ಹಾಗಾಗಿ ರಿವರ್ಸ್ ತೆಗೆದ ಡೀಸೆಲ್ಲೂ ನನ್ನದೇ. ಅಕ್ಕನ ಮಗ ಕಂಪೆನಿ ಕಂಟೇನರ್ ಓಡಿಸುತ್ತಾನೆ, ಇವತ್ತು ಭಿವಂಡಿ ಅಂದರೆ ಮುಂದಿನ ವಾರ ಹೈದರಾಬಾದ್. ನಾಲ್ಕು ಲೇನ್ ಬಿಟ್ಟು ಇಳಿಯುವುದೇ ಅಪರೂಪ. ಅವನಿಗೆ ಫೋನೇ ಸರಿ, ಅದರಲ್ಲಿ ನನಗೂ ಅವನಿಗೂ ಜಗಳ ಇಲ್ಲ. ಒಳರಸ್ತೆಗೆ ಎತ್ತರದ ಲೋಡ್ ಹಾಕುವವರಾದರೆ ಮಾತ್ರ ಸ್ಕ್ರೀನಿಗೆ ಹಾಕುವ ಹನ್ನೆರಡು ಸಾವಿರಕ್ಕೆ ಒಂದು ಟೈರಿನ ಖರ್ಚು ನೋಡಿಕೊಳ್ಳಿ, ಪುಸ್ತಕ ತಗೊಳ್ಳಿ.

ತಗೊಳ್ಳುವಾಗ ಅಂಗಡಿಯಲ್ಲೇ ಒಂದು ಪುಟ ಬಿಡಿಸಿ ನೋಡಿ. 2010ರಲ್ಲಿ ನ್ಯಾಷನಲ್ ಹೈವೇಗಳ ನಂಬರ್ ಎಲ್ಲಾ ಬದಲಾಯಿತು. ನಮ್ಮ 17 ಈಗ 66. ಶಿರಾಡಿ ದಾರಿ ಮೊದಲು 48 ಆಗಿತ್ತು, ಈಗ 75. ಇವತ್ತು 48 ಅಂದರೆ ತುಮಕೂರು, ಪುಣೆ ಕಡೆಯ ಹೈವೇ. ಶಿರಾಡಿಯ ಮೇಲೆ 48 ಅಂತ ಅಚ್ಚಾಗಿದ್ದರೆ ಹಳೇ ಸ್ಟಾಕ್, ಎಷ್ಟು ಡಿಸ್ಕೌಂಟ್ ಕೊಟ್ಟರೂ ಬೇಡ ಅನ್ನಿ.